ಕಟಗಿ ಧೂಳ ಹೀರೋ ಮಿಷನ್ ತಂದಿದ್ದು

ಯಾದಗಿರಿ ಅಕ್ಕ ಹ್ವಾದ ವಾರ ಫೋನ್ ಮಾಡಿದ್ಲು. ಮಾಮ ರಿಟೈರ್ ಆದಮ್ಯಾಲ ಅವರೂ ಹಿತ್ತಲದಾಗ ಕಟಗಿ ಕೆಲಸಕ್ಕ ಅಂತ ಒಂದು ಶೆಡ್ ಹಾಕ್ಲಕತ್ತಾರ. "ನಿಮ್ಮಲ್ಲಿ ಧೂಳ ಹೀರೋ ಮಿಷನ್ ತಂದೀರಲ್ಲ, ಯಾವದು ತಂದ್ರಿ, ಯಾಕ ತಂದ್ರಿ, ಎಲ್ಲಾ ಬರದ ಹಾಕು, ಓದಿ ಇವರಿಗಿ ಹೇಳ್ತೀನಿ" ಅಂದ್ಲು. ಹಂಗಾಗಿ ಈ ಸಲ ಅಡಗಿ ಮಾತು ಇಲ್ಲ. ಗಂಡಸರ ಸಾಮಾನಿನ ಉಸಾಬರಿ ನಮಗ್ಯಾಕ ಅಂತ ಯಾರೂ ಮುಂದ ಹೋಗಬ್ಯಾಡ್ರಿ. ಧೂಳ ಎಬ್ಬಸೋರು ಅವರು ಖರೇ, ಆದ್ರ ಕಸಬರಗಿ ಹಿಡ್ದು ಬಗ್ಗಿ ಅದನ್ನ ಮತ್ತೊಮ್ಮೆ ಎಬ್ಬಿಸಿ ಮೂಗಿಗಿ ತಗೊಳ್ಳೋರು ನಾವು.

ನನ್ನ ತವರ ಮನಿ ಸುರಪುರ. ನಮ್ಮಪ್ಪಂದು ಬಡಿಗತನ. ಬಾಚಿ, ಉಳಿ, ರಂದಾ, ಕೈಗರಗಸ, ಇಷ್ಟ ಅವರ ಆಸ್ತಿ. ರಂದಾ ಹೊಡದ್ರ ಸುರುಳಿ ಸುರುಳಿ ಹೊಟ್ಟು ಬೀಳ್ತಿತ್ತು, ನಾವು ಸಣ್ಣೋರು ಅದನ್ನ ಕೈಗಿ ಬಳಿ ಮಾಡಿ ಹಾಕ್ಕೋತಿದ್ವಿ. ಉಳದದ್ದು ಅವ್ವ ಒಲಿ ಹಚ್ಚಲಾಕ ಬುಟ್ಟಿಗಿ ತುಂಬತಿದ್ಲು. ಕೈಗರಗಸದ ಪುಡಿ ರವಾದಂಗ ದಪ್ಪ ಇರ್ತದ, ಕಾಲ ಬುಡಕ ಬೀಳ್ತದ, ಬಳದ್ರ ಮುಗೀತು.

ಈಗ ಶಹಾಪುರದಾಗ ನಮ್ಮ ಮನಿಯವ್ರದ್ದು ಎಲ್ಲಾ ಕರೆಂಟಿನ ಮ್ಯಾಲ. ಟೇಬಲ್ ಗರಗಸ, ಕರೆಂಟ್ ರಂದಾ, ರೌಟರ್, ಉಜ್ಜೋ ಮಿಷನ್. ಕೊನಿದಕ್ಕ ಸ್ಯಾಂಡರ್ ಅಂತಾರ. ಅದರ ಪುಡಿ ಅಂದ್ರ ಜ್ವಾಳದ ಹಿಟ್ಟು ಸಾಣಿಗಿಲೆ ಮೂರು ಸಲ ಹಿಡದಂಗ, ಅದಕ್ಕಿಂತಾನೂ ಸಣ್ಣ. ಇದರ ಮ್ಯಾಲ ಈಗ ಎಂ.ಡಿ.ಎಫ್. ಹಲಗಿ ಬಂದದ. ಅದು ಸೀದಾ ಕಟಗಿ ಅಲ್ಲ, ಕಟಗಿ ನಾರು ಮಾಡಿ ಅಂಟಿನ್ಯಾಗ ಕಲಿಸಿ ಒತ್ತಿದ್ದು. ಅದನ್ನ ಕೊಯ್ದ ದಿನ ಶೆಡ್ಡಿನಾಗ ಮಂಜು ಮುಸುಕಿದಂಗ ಕಾಣ್ತದ. ಆ ಅಂಟಿನ್ಯಾಗ ಭಾಳ ಸಲ ಫಾರ್ಮಾಲ್ಡಿಹೈಡ್ ಅನ್ನೋದು ಇರ್ತದ.

ಜಗತ್ತಿನ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವ್ರು 1995ರಾಗೇ ಕಟಗಿ ಧೂಳನ್ನ ಮನುಷ್ಯರಿಗಿ ಕ್ಯಾನ್ಸರ್ ತರೋ ಪಟ್ಟಿಯಾಗ ಸೇರಿಸ್ಯಾರ. ಫಾರ್ಮಾಲ್ಡಿಹೈಡನ್ನ 2004ರಾಗ ಸೇರಿಸಿದ್ರು. ವರ್ಷಾನುಗಟ್ಲೆ ಫರ್ನಿಚರ್ ಕಾರ್ಖಾನ್ಯಾಗ ದುಡದೋರಿಗಿ ಮೂಗಿನ ಒಳಗಿನ ಕ್ಯಾನ್ಸರ್ ಬಂದದ್ದು ನೋಡಿ ಹಂಗ ಹೇಳ್ಯಾರ. ವಾರಕ್ಕ ಎರಡು ದಿನ ಸಂಜಿಕಿ ಕೆಲಸ ಮಾಡೋರಿಗಿ ಅಷ್ಟು ಅಂಜಿಕಿ ಬ್ಯಾಡ ಬಿಡ್ರಿ. ನಮ್ಮನ್ಯಾಗಿನ ತ್ರಾಸು ಬ್ಯಾರೆ ಇತ್ತು. ನಮ್ಮತ್ತಿಗಿ ಮೊದಲಿಂದ ದಮ್ಮು. ಶೆಡ್ಡಿಗೂ ಪಡಸಾಲಿಗೂ ನಡುವ ಒಂದ ಗ್ವಾಡಿ, ಅದರಾಗ ಒಂದು ಬಾಗಲ. ಬ್ಯಾಸಗ್ಯಾಗ ಇಡೀ ಮನ್ಯಾಗ ತಂಪು ಅಂದ್ರ ಆ ಪಡಸಾಲಿನ, ಅವರ ಹೊರಸು ಅಲ್ಲೇ ಇರ್ತಿತ್ತು. ಮಗ ಸ್ಯಾಂಡರ್ ಹಚ್ಚಿದ ರಾತ್ರಿ ಅವರಿಗಿ ಎದಿ ಸುಯ್ ಸುಯ್ ಅಂತಿತ್ತು. ಬಾಯಿ ಬಿಟ್ಟು ಒಂದು ಮಾತು ಅನ್ಲಿಲ್ಲ. ಒಂದಿನ ಹೊರಸು ತಾವೇ ಎಳಕೊಂಡು ಮುಂದಿನ ಕಟ್ಟಿಗಿ ಹೋಗಿಬಿಟ್ರು. ಮೇ ತಿಂಗಳದಾಗ! "ಅಲ್ಲಿ ಗಾಳಿ ಚಂದ ಬರ್ತದವ್ವ" ಅಂತ ನನಗ ಹೇಳ್ತಾರ. ಮಗನ ಹೌಸಿಗಿ ಅಡ್ಡ ಬರಬಾರದು ಅಂತ ಅವರ ಮನಸ್ಸು. ಅವತ್ತು ರಾತ್ರಿ ಊಟಕ್ಕ ಕುಂತಾಗ ನಾ ನಮ್ಮ ಮನಿಯವ್ರಿಗಿ ಅಂದೆ, "ಇಲ್ಲಾ ಧೂಳ ಹೋಗಬೇಕು, ಇಲ್ಲಾ ಸ್ಯಾಂಡರ್ ಹೋಗಬೇಕು. ಅವ್ವ ಹೊರಗ ಹೋಗೋದು ಅಂದ್ರೇನ್ರಿ?" ಅವರು ತುತ್ತು ಕೆಳಗಿಟ್ರು. ಮರುದಿನದಿಂದ ಮಿಷನ್ ಹುಡುಕೋದು ಶುರು.

ಅಕ್ಕಾ, ಧೂಳ ಅಂದ್ರ ಒಂದ ಥರ ಅಲ್ಲ, ಇದು ಮೊದಲ ತಿಳ್ಕೊಬೇಕು. ತೊಗರಿ ರಾಶಿ ತೂರೋದು ನೆನಪ ಮಾಡ್ಕೊ. ಕಾಳು ಕಾಲ ಬುಡಕ, ಹೊಟ್ಟು ನಾಕು ಮಾರು ದೂರ, ಅದಕ್ಕಿಂತ ಹಗೂರ ಇದ್ದದ್ದು ಎಲ್ಲಿ ಹೋಯ್ತು ಅಂತ ಕಾಣೋದೇ ಇಲ್ಲ. ಕಟಗಿ ಧೂಳನೂ ಹಂಗ. ಕಣ್ಣಿಗಿ ಕಾಣೋ ಪುಡಿ ಮೂಗಿನಾಗೇ ತಡೀತದ. ಎದಿಯೊಳಗ ಇಳಿಯೋದು 10 ಮೈಕ್ರಾನಿಗಿಂತ ಸಣ್ಣದು. ನಮ್ಮ ತಲಿಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರ್ತದ ಅಂದ್ರ ಲೆಕ್ಕ ಹಾಕು. ನಂಬಿಕಿ ಇಲ್ಲಂದ್ರ ಸ್ಯಾಂಡರ್ ಬಂದ್ ಮಾಡಿ ಅರ್ಧ ತಾಸು ಬಿಟ್ಟು ಶೆಡ್ಡಿನ ಲೈಟ್ ಆರಿಸಿ ಬ್ಯಾಟರಿ ಹಚ್ಚಿ ನೋಡು. ಬೆಳಕಿನಾಗ ಇನ್ನೂ ತೇಲಾಡ್ಲಕತ್ತಿರ್ತದ. ನಾ ಹಿಂಗ ತೋರಿಸಿದ ಮ್ಯಾಲೇ ನಮ್ಮ ಮನಿಯವ್ರು ಸುಮ್ಮನಾಗಿದ್ದು.

ಕಲಬುರಗಿಗಿ ಹೋದ್ವಿ. ಅಂಗಡಿಯವಂದು ಒಂದ ಹಾಡು, ಎಚ್.ಪಿ. ಎಷ್ಟು ಬೇಕ್ರಿ, ಎಚ್.ಪಿ. ಜಾಸ್ತಿ ಇದ್ದಷ್ಟೂ ಛಲೋ ಅಂತ. ಅಲ್ಲಿದ್ದ ಮಿಷನ್ ಅಂದ್ರ ಕೆಳಗೊಂದು ಮೋಟಾರ್ ಪಂಖಾ, ಮ್ಯಾಲೊಂದು ಅರಬಿ ಚೀಲ, ಕೆಳಗೊಂದು ಚೀಲ. ಹಿಟ್ಟಿನ ಗಿರಣಿ ಬಾಯಿಗಿ ಉದ್ದನ ಅರಬಿ ತೋಳು ಕಟ್ಟಿರ್ತಾರಲ್ಲ, ಅದರ ಅಣ್ಣತಮ್ಮ ಅನ್ರಿ. ಗಾಳಿ ಅರಬಿಯಿಂದ ಹೊರಗ ಹೋಗಬೇಕು, ಪುಡಿ ಒಳಗ ಉಳೀಬೇಕು. ನಾ ಕೇಳಿದೆ, "ಈ ಅರಬಿ ಎಷ್ಟು ಮೈಕ್ರಾನ್ ರೀ?" ಅವ ನನ್ನ ನೋಡ್ಲಿಲ್ಲ, ನಮ್ಮ ಮನಿಯವ್ರ ಮುಖ ನೋಡ್ದ. ಆಮ್ಯಾಲ ಡಬ್ಬಿ ತಿರುಗಿಸಿ ನೋಡಿ 30 ಅಂದ.

30 ಅಂದ್ರ ಏನಾತು? ದಪ್ಪನ ಪುಡಿ ಚೀಲದಾಗ, 10ಕ್ಕಿಂತ ಸಣ್ಣದರಾಗ ಭಾಳಷ್ಟು ಅರಬಿ ದಾಟಿ ಮತ್ತ ಶೆಡ್ಡಿಗೇ. ಅರಬಿಗಿ ಒಳಗ ಪುಡಿ ಮೆತ್ತಿದ ಮ್ಯಾಲ ಸೋಸೋದು ಒಂದೀಟು ಸುಧಾರಿಸ್ತದ ಖರೇ, ಆದ್ರ ಹೊಸದರಾಗ ಅದು ಧೂಳ ಹೀರೋ ಮಿಷನ್ ಅಲ್ಲ, ಸಣ್ಣ ಧೂಳ ಮನಿ ತುಂಬ ಹಂಚೋ ಮಿಷನ್. ನೆಲ ಮಾತ್ರ ಸ್ವಚ್ಛ ಕಾಣ್ತದ. ಅದೇ ಮಿಷನ್ನಿಗಿ ಅರಬಿ ಚೀಲದ ಬದಲಿ ಮಡಿಕಿ ಮಡಿಕಿ ಇರೋ ಕಾಗದದಂಥ ಫಿಲ್ಟರ್ ಡಬ್ಬಿ ಬರ್ತದ, 1 ಮೈಕ್ರಾನಿಂದು. ಸೀರಿ ನಿರಿಗಿ ಹಿಡದಂಗ ಮಡಚಿರ್ತಾರ, ಹಂಗಾಗಿ ಸಣ್ಣ ಡಬ್ಬ್ಯಾಗ ಭಾಳ ಜಾಗ ಸಿಗ್ತದ, ಗಾಳಿ ಕಟ್ಟಂಗಿಲ್ಲ. ದುಬಾರಿ ಅದ. ನಾವು ಎಚ್.ಪಿ. ಇಳಿಸಿದ್ವಿ, ಆ ರೊಕ್ಕ ಫಿಲ್ಟರಿಗಿ ಹಾಕಿದ್ವಿ. ಒಂದೂವರಿ ಎಚ್.ಪಿ. ನಮಗ ಸಾಕಾಗ್ಯದ.

ಡಬ್ಬಿ ಮ್ಯಾಲ ಸಿ.ಎಫ್.ಎಂ. ಅಂತ ಒಂದು ದೊಡ್ಡ ನಂಬರ್ ಬರದಿರ್ತಾರ, ನಿಮಿಷಕ್ಕ ಎಷ್ಟು ಘನ ಅಡಿ ಗಾಳಿ ಎಳೀತದ ಅಂತ. ಅದು ಪೈಪ್ ಇಲ್ಲದ, ಫಿಲ್ಟರ್ ಇಲ್ಲದ ಲೆಕ್ಕ ಇರ್ತದ ಭಾಳ ಸಲ. ಟೇಬಲ್ ಗರಗಸಕ್ಕ 4 ಇಂಚಿನ ಪೈಪಿನ ಬಾಯಾಗ 350ರಷ್ಟಾದ್ರೂ ಬರಬೇಕು. ಸುತ್ತು ಸುತ್ತು ಇರೋ ಪ್ಲಾಸ್ಟಿಕ್ ಪೈಪ್ ಉದ್ದ ಎಳದ್ರ ಎಳತ ಸತ್ತ ಹೋಗ್ತದ. ನಾವು ನೀರಿಂದು ಪಿ.ವಿ.ಸಿ. ಪೈಪೇ ಹಾಕಿ, ಕೊನಿಗಿ ಒಂದು ಮಾರು ಮಾತ್ರ ಬಗ್ಗೋ ಪೈಪ್ ಇಟ್ಟೀವಿ.

ಸ್ಯಾಂಡರಿಗಿ ಈ ಮಿಷನ್ ಉಪಯೋಗಿಲ್ಲ. ಅದರ ಬಾಯಿ ಸಣ್ಣದು, ಅದಕ್ಕ ವ್ಯಾಕ್ಯೂಮ್ ಬೇಕು. ವ್ಯಾಕ್ಯೂಮ್ ಎಳಿಯೋ ಗಾಳಿ ಕಡಿಮಿ, 100 ಸಿ.ಎಫ್.ಎಂ. ಆಸುಪಾಸು, ಆದ್ರ ಎಳತ ಬಿಗಿ, ಸಣ್ಣ ಪೈಪಿಗಿ ಅದೇ ಸರಿ. ಫಿಲ್ಟರ್ ಹೆಪಾ ಅನ್ನೋದು ತಗೋರಿ. ಅದರ ಮುಂದ ಒಂದು ಬಕೀಟು ಇಟ್ಟು ಮ್ಯಾಲ ಸೈಕ್ಲೋನ್ ಲಾಳಿಕಿ ಕುಂದ್ರಸಬೇಕು. ನಮ್ಮ ಕಡಿ ದಾಲ್ ಮಿಲ್ಲಿನ ಮಾಳಗಿ ಮ್ಯಾಲ ತಗಡಿನ ದೊಡ್ಡ ಲಾಳಿಕಿ ಕಂಡೀರಲ್ಲ, ಕೆಳಗ ಚೂಪು, ಮ್ಯಾಲ ಅಗಲ, ಅದರದೇ ಮರಿ. ಗಾಳಿ ಒಳಗ ಗಿರಕಿ ಹೊಡಿತದ, ಭಾರ ಇದ್ದದ್ದು ಗ್ವಾಡಿಗಿ ಬಡದು ಬಕೀಟಿಗಿ ಬೀಳ್ತದ, ಉಳದ ಸಣ್ಣ ಪುಡಿ ಅಷ್ಟ ಫಿಲ್ಟರಿಗಿ ಹೋಗ್ತದ. ಇದಿಲ್ಲಂದ್ರ ಹೆಪಾ ಫಿಲ್ಟರ್ ಲಗೂನ ತುಂಬಿ ಉಸುರು ಕಟ್ತದ. ಮಾಮಂತ ಒಂದಕ್ಕ ಮಾತ್ರ ರೊಕ್ಕ ಅದ ಅಂದ್ರ ಈ ವ್ಯಾಕ್ಯೂಮ್, ಬಕೀಟೇ ಮೊದಲ ತರ್ರಿ ಅಂತ ಹೇಳು. ಎದಿಗಿ ಇಳಿಯೋ ಧೂಳ ಹೆಚ್ಚಿಗಿ ಹುಟ್ಟೋದು ಸ್ಯಾಂಡರಿನಾಗ.

ಇನ್ನ ಮಿಷನ್ ಎಲ್ಲಿ ಇಡಬೇಕು ಅನ್ನೋದಕ್ಕ ನಮ್ಮನ್ಯಾಗ ಎರಡು ವಾರ ಜಗಳ. ಥಂಡಿ ದೇಶದವ್ರು ಒಳಗ ಇಡ್ತಾರ, ಹೊರಗ ಗಾಳಿ ಬಿಟ್ರ ರೂಮಿನ ಬಿಸಿ ಹೋಗ್ತದ ಅಂತ. ಶಹಾಪುರದಾಗ ನಮಗ ಯಾವ ಬಿಸಿ ಉಳಸೋದದ? ಹಿಂದಿನ ಗ್ವಾಡಿ ಆಚಿಗಿ ಇಟ್ಟು ತಗಡು ಹೊದಿಸೋದು ಅಂತ ನಾ ಅಂದೆ. ದಾಟಿದ ಧೂಳ ಒಳಗ ಬರಂಗಿಲ್ಲ, ಸಪ್ಪಳನೂ ಕಡಿಮಿ, ಶೆಡ್ಡಿನಾಗ ಜಾಗನೂ ಉಳೀತದ. ಹಂಗಾದ್ರ ಫಿಲ್ಟರ್ ಯಾಕ, ಅರಬಿ ಚೀಲನೇ ಸಾಕಲ್ಲ ಅಂದ್ರು ಅವರು. ಆದ್ರ ಆ ಗ್ವಾಡಿ ಆಚಿಗಿ ಬಾಜು ಮನಿ ದೊಡ್ಡವ್ವ ಮೆಣಸಿನಕಾಯಿ, ಶಂಡಗಿ ಒಣ ಹಾಕ್ತಾರ, ಅವರ ಸೊಸಿ ಕೂಸಿನ ಅರಬಿ ಒಣ ಹಾಕ್ತಾಳ. ನಮ್ಮತ್ತಿ ದಮ್ಮು ಆ ಕೂಸಿಗಿ ದಾಟಿಸೋದಾ? ಹೊರಗ ಇಟ್ರೂ ಫಿಲ್ಟರ್ ಅದೇ 1 ಮೈಕ್ರಾನಿಂದೇ ಹಾಕಿದ್ವಿ. ದೊಡ್ಡವ್ವಗ ಕರದು ತೋರಿಸಿ, ಮಧ್ಯಾಹ್ನ ಕೂಸು ಮಲಗೋ ಹೊತ್ತಿನಾಗ ಹಚ್ಚಂಗಿಲ್ಲ ಅಂತ ಮಾತಾಗ್ಯದ.

ಕರೆಂಟಿಂದೂ ಒಂದು ಮಾತು. ಗರಗಸ 2 ಎಚ್.ಪಿ., ಇದು ಒಂದೂವರಿ, ಎರಡೂ ಕೂಡೇ ಓಡಬೇಕು. ಒಂದು ಎಚ್.ಪಿ.ಗಿ 746 ವ್ಯಾಟ್, ಅಂದ್ರ 2,600 ವ್ಯಾಟ್ ಮ್ಯಾಲಾತು, ಶುರು ಆಗುವಾಗ ಇನ್ನೂ ಜಾಸ್ತಿ ಎಳೀತಾವ. ಪಂಖಾದ ಲೈನಿನಾಗ ಸಿಗಿಸಬ್ಯಾಡ್ರಿ. ಶೆಡ್ಡಿಗಿ ಬ್ಯಾರೆ ಲೈನ್, ಬ್ಯಾರೆ ಎಂ.ಸಿ.ಬಿ., ಅರ್ಥಿಂಗ್ ಕರೆಕ್ಟ್ ಮಾಡಸ್ರಿ.

ಇಷ್ಟೆಲ್ಲಾ ಮಾಡಿದ್ರೂ ಧೂಳ ಪೂರಾ ಹೋಗ್ಯದ ಅಂತ ಸುಳ್ಳ ಹೇಳಂಗಿಲ್ಲ. ಗರಗಸದ ಹಲ್ಲಿನ ಮ್ಯಾಲಿಂದ ಹಾರೋದು ಇನ್ನೂ ಹಾರ್ತದ, ಬ್ಯಾಟರಿ ಬೆಳಕಿನಾಗ ಮೊದಲಿನಷ್ಟು ಅಲ್ಲದಿದ್ರೂ ಕಾಣ್ತದ. ನಮ್ಮ ಮನಿಯವ್ರು ಎನ್-95 ಮಾಸ್ಕ್ ಹಾಕ್ಕೋತಾರ. ನಾ ಶೆಡ್ಡಿನಾಗ ಒಣ ಕಸಬರಗಿ ಬಿಟ್ಟೀನಿ, ಹಸಿ ಅರಬಿಲೆ ಒರಸೋದು, ಇಲ್ಲಾ ವ್ಯಾಕ್ಯೂಮ್. ಅತ್ತಿ ಹಗಲೊತ್ತು ಪಡಸಾಲಿಗಿ ಬರ್ತಾರ, ಕುಂತು ಬೆಳ್ಳುಳ್ಳಿ ಸುಲೀತಾರ. ರಾತ್ರಿ ಹೊರಸು ಇನ್ನೂ ಕಟ್ಟಿ ಮ್ಯಾಲೇ ಅದ. ಹೊರಗಿನ ಗಾಳಿ ರೂಢಿ ಆಗ್ಯದ ಅಂತಾರ. ನಾ ಒತ್ತಾಯ ಮಾಡಿಲ್ಲ.

ತುಂಬಿದ ಬಕೀಟು ಚೆಲ್ಲೋದು ಯಾರು ಅನ್ನೋದು ಮೊದಲೇ ಗಟ್ಟಿ ಮಾಡ್ಕೊ ಅಕ್ಕಾ, ಇಲ್ಲಂದ್ರ ಅದೂ ನಿನ್ನ ಕೊಳ್ಳಿಗೇ ಬೀಳ್ತದ. ನಮ್ಮಲ್ಲಿ ಅವರೇ ಮಾಸ್ಕ್ ಹಾಕ್ಕೊಂಡು, ಗಾಳಿ ಕಡಿ ಬೆನ್ನು ಮಾಡಿ, ಒಲಿಯಿಂದ ದೂರ ಹೋಗಿ ಚೆಲ್ತಾರ. ಸಣ್ಣ ಪುಡಿ ಮುಟಿಗಿಲೆ ಉರಿಯಾಗ ಒಗದ್ರ ಭುಗ್ ಅಂತ ಮುಖಕ್ಕ ಬರ್ತದ, ಹುಡುಗರಿಗಿ ಹೇಳಿಡ್ರಿ. ಎರಡು ಡಬ್ಬಿ ಇಟ್ಟೀವಿ. ಬೇವು, ಸಾಗವಾನಿ ಹೊಟ್ಟು ಒಂದರಾಗ. ಅದನ್ನ ದೊಡ್ಡವ್ವ ಒಯ್ತಾರ, ತಗಡಿನ ಡಬ್ಬ್ಯಾಗ ನಡುವ ಪೈಪ್ ನಿಲ್ಲಿಸಿ ಹೊಟ್ಟು ಗಿಡದು ತುಂಬಿ, ಪೈಪ್ ಎಳದು ಹೊಟ್ಟಿನ ಒಲಿ ಮಾಡಿ ನೀರು ಕಾಸ್ತಾರ. ಎಂ.ಡಿ.ಎಫ್., ಪ್ಲೈವುಡ್ ಪುಡಿ ಇನ್ನೊಂದರಾಗ. ಅದು ಒಲಿಗೂ ಅಲ್ಲ, ದನದ ಕೊಟ್ಟಿಗಿಗೂ ಅಲ್ಲ, ಚೀಲದ ಬಾಯಿ ಕಟ್ಟಿ ಕಸದ ಗಾಡಿಗಿ. ಡಬ್ಬಿ ಮ್ಯಾಲ ಕೆಂಪು ಬಣ್ಣದಾಗ ಗುರ್ತು ಹಾಕೀನಿ, ದೊಡ್ಡವ್ವಗ ಓದಲಾಕ ಬರಂಗಿಲ್ಲ ಅಂತ.