ಈಸ್ಟರ್ ಮುಗಿದ ಮೇಲಿನ ಭಾನುವಾರ

ಫಾಲೋಅಪ್ ಎನ್ನುವ ಪದಕ್ಕೆ ನಮ್ಮ ಆಫೀಸಿನಲ್ಲಿ ಒಳ್ಳೆಯ ಹೆಸರಿಲ್ಲ. ಕೆಲಸ ಮುಗಿಸದವರಿಗೆ ಮೂರನೇ ಸಲ ಮೇಲ್ ಹಾಕಿ, ಅವರ ಮ್ಯಾನೇಜರನ್ನೂ ಸಿಸಿಯಲ್ಲಿ ಸೇರಿಸುವುದಕ್ಕೆ ನಾವು ಹಾಗೆನ್ನುತ್ತೇವೆ. ಅದೇ ಪದ ನಮ್ಮ ಭಾನುವಾರ ಶಾಲೆಯ ಮೀಟಿಂಗಿಗೂ ಬಂದು ಕೂತಾಗ ನನಗೆ ಹಿತವೆನಿಸಲಿಲ್ಲ. ಪುಣೆಯ ಕನ್ನಡ ಸಭೆಯೊಂದರಲ್ಲಿ ಆರು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ವಾರದಲ್ಲಿ ಐದು ದಿನ ಸಾಫ್ಟ್‌ವೇರ್ ಟೆಸ್ಟಿಂಗ್, ಆರನೇ ದಿನ ಬಟ್ಟೆ-ಪಾತ್ರೆ, ಏಳನೇ ದಿನ ಈ ಮಕ್ಕಳು.

ನಮ್ಮದು ಬೆರಕೆ ಸಭೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲೂ ಠಾಣೆ ಹಾಕಿದರಲ್ಲ, ಆ ಬೆಟಗೇರಿಯವಳು ನಾನು. ಬೀದರ್ ಕಡೆಯ ಮೆಥಡಿಸ್ಟ್ ಮನೆತನಗಳಿವೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಹಬ್ಬದ ದಿನ ಇವರ ಜೊತೆ ಅಕ್ಕಪಕ್ಕದ ಮನೆಯ ಮಕ್ಕಳೂ ಬರುತ್ತಾರೆ, ಬಣ್ಣ ಹಚ್ಚಿದ ಮೊಟ್ಟೆಯ ಆಸೆಗೆ. ಬರಲಿ ಬಿಡಿ, ಚಿಕ್ಕವಳಿದ್ದಾಗ ನಾನೂ ಪಕ್ಕದ ಮನೆಗೆ ಹೋಳಿಗೆಯ ಆಸೆಗೇ ಹೋಗುತ್ತಿದ್ದದ್ದು.

2025ರ ಈಸ್ಟರ್ ಏಪ್ರಿಲ್ 20ಕ್ಕೆ ಬಂತು. ಅಂದು ಹಾಜರಿ ಪುಸ್ತಕದಲ್ಲಿ ನಲವತ್ಮೂರು ಮಕ್ಕಳು. ಏಪ್ರಿಲ್ 27ಕ್ಕೆ ಹದಿನಾಲ್ಕು.

ಈ ಇಳಿತಕ್ಕೆ ಭಕ್ತಿಗಿಂತ ಕ್ಯಾಲೆಂಡರ್ ದೊಡ್ಡ ಕಾರಣ. ಈಸ್ಟರ್ ಚಂದ್ರನ ಲೆಕ್ಕದ ಹಬ್ಬ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳುತ್ತದೆ. 2024ರಲ್ಲಿ ಮಾರ್ಚ್ 31ಕ್ಕೆ ಬಂದಾಗ ಮಕ್ಕಳೆಲ್ಲ ಪರೀಕ್ಷೆಯ ಬಿಸಿಯಲ್ಲಿದ್ದರು. 2025ರಲ್ಲಿ ರಜೆ ಬಾಗಿಲಲ್ಲೇ ನಿಂತಿತ್ತು. ಹಬ್ಬದ ಬಟ್ಟೆ ಒಗೆದು ಒಣಗುವ ಮೊದಲೇ ಅರ್ಧ ಸಭೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೂತು ಊರ ಕಡೆ ಹೊರಟಿತ್ತು.

ಆದರೂ ಹೆಸರು ಬರೆದುಕೊಂಡ ಮೇಲೆ ಒಂದು ಫೋನಾದರೂ ಹೋಗಬೇಕು ಎಂದು ನಾವು ನಾಲ್ಕು ಜನ ಪಟ್ಟಿ ಹಂಚಿಕೊಂಡೆವು. ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. 'ಯಾಕೆ ಬರಲಿಲ್ಲ' ಎಂದು ಕೇಳಬಾರದು. ಮೊದಲು ತಾಯಿಯ ಹತ್ತಿರ ಮಾತಾಡಬೇಕು, ಆಮೇಲೆ ಮಗುವಿನ ಹತ್ತಿರ. ಮನೆಗೆ ಹೋಗುವುದಾದರೆ ಇಬ್ಬರು ಹೋಗಬೇಕು, ದೊಡ್ಡವರು ಮನೆಯಲ್ಲಿರುವಾಗ ಮಾತ್ರ. ನಮ್ಮ ಧರ್ಮದವರಲ್ಲದ ಮನೆಯ ನಂಬರನ್ನು ಸಭೆಯ ವಾಟ್ಸಾಪ್ ಗುಂಪಿಗೆ ಸೇರಿಸಬಾರದು. ಈ ಕೊನೆಯದರ ಬಗ್ಗೆ ನಮ್ಮಲ್ಲೇ ವಾದ ನಡೆಯಿತು. ಸೇರಿಸಿದರೆ ತಪ್ಪೇನು, ಬೇಡದಿದ್ದರೆ ಅವರೇ ಹೊರಗೆ ಹೋಗುತ್ತಾರೆ ಎಂದರು ಒಬ್ಬರು. ಮೊಟ್ಟೆ ತಿನ್ನಲು ಮಗುವನ್ನು ಕಳಿಸಿದ ತಾಯಿ ಬೇರೆ ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದೆ ನಾನು. ಕಾಲ ಸೂಕ್ಷ್ಮವಾಗಿದೆ ಎನ್ನುವುದು ಒಂದು. ಇಲ್ಲದಿದ್ದರೂ ನೆರೆಹೊರೆಯ ನಂಬಿಕೆ ಕೆಡಿಸಿಕೊಳ್ಳುವುದು ಒಳ್ಳೆಯದಲ್ಲ. ಆ ಮನೆಗಳಿಗೆ ನಾವು ಫೋನ್ ಮಾಡಿದ್ದು ಮಗುವನ್ನು ಕಳಿಸಿದ್ದಕ್ಕೆ ಥ್ಯಾಂಕ್ಸ್ ಹೇಳಲು, ಅಷ್ಟೇ.

ನನ್ನ ಪಾಲಿಗೆ ಬಂದ ಹೆಸರುಗಳಲ್ಲಿ ಏಳು ವರ್ಷದ ಒಬ್ಬ ಹುಡುಗನಿದ್ದ. ಹಿಂದಿನ ನವೆಂಬರಿನಲ್ಲಿ ಅವನ ತಂದೆ ತೀರಿಕೊಂಡಿದ್ದರು. ಫೋನಿನಲ್ಲಿ ತಾಯಿಯ ದನಿ ಬಿಗಿಯಾಗಿತ್ತು. ಮನೆಗೆ ಬರಲೇ ಎಂದು ಕೇಳಿದೆ. "ಬರ್ರಿ, ಬಂದು ನೀವೇ ಹೇಳ್ರಿ" ಅಂದರು.

ಪಿಂಪ್ರಿ ಕಡೆ ಎರಡು ಕೋಣೆಯ ಮನೆ. ನಮ್ಮ ಹಿರಿಯ ಶಿಕ್ಷಕಿಯೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಚಹಾ ಕೊಟ್ಟು ಆಕೆ ನೆಲದ ಮೇಲೆ ಕೂತರು. "ಯೇಸು ಎದ್ದ, ಸತ್ತವರು ಏಳ್ತಾರ ಅಂತ ನೀವು ಹೇಳಿ ಕಳಿಸಿದ್ರಿ ಅಕ್ಕೋರೆ. ನಮ್ಮಪ್ಪ ಯಾವಾಗ ಏಳ್ತಾನ ಅಂತ ರಾತ್ರಿ ಅಂವ ನನಗ ಕೇಳ್ತಾನ. ಏನಂತ ಹೇಳ್ಲಿ?"

ಪಾಠದಲ್ಲಿ ಸುಳ್ಳೇನೂ ಇರಲಿಲ್ಲ. ನಾವು ನಂಬುವುದನ್ನೇ ಹೇಳಿದ್ದೆವು. ಆದರೆ ಈಸ್ಟರ್ ಕಥೆ ಮೊಟ್ಟೆ, ಮೊಲದ ಕಥೆಯಲ್ಲ. ಅದು ಸಾವಿನ ಕಥೆ. ಅದನ್ನು ಇಪ್ಪತ್ತು ನಿಮಿಷದಲ್ಲಿ ಹೇಳಿ, ಕೈಗೆ ಸಿಹಿ ಕೊಟ್ಟು ಕಳಿಸಿದ ಮೇಲೆ ಅದು ಮಗುವಿನ ತಲೆಯಲ್ಲಿ ಒಂದೇ ಸಮನೆ ಓಡುತ್ತಿರುತ್ತದೆ. ರಾತ್ರಿ ಹತ್ತಕ್ಕೆ ಅದಕ್ಕೆ ಉತ್ತರ ಹೇಳಬೇಕಾದವರು ತಾಯಿ.

ಹುಡುಗ ಬಾಗಿಲ ಹತ್ತಿರ ಕೂತು ಮೊಬೈಲಿನಲ್ಲಿ ಏನೋ ಆಡುತ್ತಿದ್ದ. ಪಕ್ಕದಲ್ಲಿ ಕೂತೆ. ಅಪ್ಪ ಈ ಮನೆಗೆ ಮತ್ತೆ ಬರುವುದಿಲ್ಲ ಎಂದು ಮೊದಲು ಹೇಳಿದೆ. ಅದನ್ನು ಹೇಳದೆ ಬೇರೆ ಏನು ಹೇಳಿದರೂ ಮೋಸವಾಗುತ್ತಿತ್ತು. ಲಾಜರನ ಸಮಾಧಿಯ ಹತ್ತಿರ ಯೇಸುವೂ ಅತ್ತದ್ದನ್ನು ಹೇಳಿದೆ. ಮುಂದೆ ಒಂದು ದಿನ ದೇವರ ಹತ್ತಿರ ಅಪ್ಪನನ್ನು ಕಾಣುತ್ತೇವೆ ಎನ್ನುವುದು ನಮ್ಮ ನಂಬಿಕೆ, ಅದು ಯಾವಾಗ ಎಂದು ನನಗೂ ಗೊತ್ತಿಲ್ಲ ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಷ್ಟೊತ್ತಿಗೆ ನಾ ದೊಡ್ಡವ ಆಗಿರ್ತೀನಿ. ಅಪ್ಪಗ ನನ್ನ ಗುರ್ತು ಹತ್ತತದೇನು?" ಅಂದ.

ಎಂ.ಸಿ.ಎ. ಓದಿದ ನನಗೆ ಇದಕ್ಕೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಗ ಜೊತೆಗಿದ್ದ ಹಿರಿಯರು ಮಗ್ದಲದ ಮರಿಯಳ ಕಥೆ ತೆಗೆದರು. ಸಮಾಧಿಯ ಹತ್ತಿರ ನಿಂತವನ ಮುಖ ನೋಡಿ ಅವಳಿಗೆ ಗುರುತೇ ಸಿಗಲಿಲ್ಲ, ತೋಟದ ಮಾಲಿ ಅಂದುಕೊಂಡಳು. ಅವನು ಹೆಸರು ಹಿಡಿದು ಕರೆದಾಗ ಗೊತ್ತಾಯಿತು. "ನಿಮ್ಮಪ್ಪ ನಿನ್ನ ಏನಂತ ಕರೀತಿದ್ದ?" ಎಂದು ಕೇಳಿದರು. ಹುಡುಗ ಒಂದು ಅಡ್ಡಹೆಸರು ಹೇಳಿದ. ಒಳಗೆ ಪಾತ್ರೆಯ ಸದ್ದು ನಿಂತಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಅದೇ ವಾರ ಸಭೆಯಲ್ಲಿ ಓದಿದ್ದು ತೋಮನ ಭಾಗ. ಈಸ್ಟರಿನ ಮರುವಾರ ಬಹಳ ಸಭೆಗಳಲ್ಲಿ ಅದನ್ನೇ ಓದುತ್ತಾರೆ. ಪ್ರಸಂಗಗಳಲ್ಲಿ ತೋಮನಿಗೆ ಸಿಗುವುದು ಸಂಶಯದವನು ಎಂಬ ಬೈಗುಳ. ನನಗೆ ಕಣ್ಣಿಗೆ ಬಿದ್ದದ್ದು ಬೇರೆ: ಮೊದಲ ಭಾನುವಾರ ಅವನು ಗೈರು. ಎಂಟು ದಿನ ಬಿಟ್ಟು ಯೇಸು ಮತ್ತೆ ಬಂದಾಗ, ಎಲ್ಲಿದ್ದೆ ಎಂದು ಕೇಳಲಿಲ್ಲ. ಅವನ ಪ್ರಶ್ನೆ ಏನಿತ್ತೋ ಅದಕ್ಕೇ ಕೈ ಚಾಚಿದ. ಹಾಜರಿ ಪುಸ್ತಕ ಹಿಡಿದ ನಮ್ಮಂಥವರು ಈ ಭಾಗ ಆಗಾಗ ಓದಬೇಕು.

ಈಗ ನಾವು ಒಂದು ಕೆಲಸ ಹೊಸದಾಗಿ ಶುರು ಮಾಡಿದ್ದೇವೆ. ಮುಂದಿನ ಪಾಠ ಏನು, ಮಗು ಏನು ಕೇಳಬಹುದು ಎಂದು ಶನಿವಾರವೇ ತಾಯಂದಿರಿಗೆ ಕನ್ನಡದಲ್ಲಿ ಎರಡು ನಿಮಿಷದ ಆಡಿಯೋ ಕಳಿಸುತ್ತೇವೆ. ಬರಹ ಕಳಿಸಿದರೆ ಕೆಲವರಿಗೆ ಓದಲು ಬರುವುದಿಲ್ಲ. ಇಲ್ಲೇ ಹುಟ್ಟಿದವರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಕೆಲವರಿಗೆ ಯಾವ ಅಕ್ಷರವೂ ಗೊತ್ತಿಲ್ಲ.

ಮೇ ತಿಂಗಳಲ್ಲಿ ಆ ಹುಡುಗ ಊರಿನಿಂದ ಫೋನ್ ಮಾಡಿದ. ದೇವರ ವಿಷಯ ಏನೂ ಇಲ್ಲ. ಅಜ್ಜಿಯ ಮನೆಯ ಎಮ್ಮೆ ಕರು ಹಾಕಿದೆ, ಅದನ್ನು ಹೇಳಬೇಕಿತ್ತಂತೆ. ಪಟ್ಟಿಯಲ್ಲಿ ಇನ್ನೂ ಕೆಲವು ಹೆಸರು ಉಳಿದಿವೆ. ಎರಡು ನಂಬರ್ ಹತ್ತುತ್ತಲೇ ಇಲ್ಲ. ಅವರಿದ್ದ ಸೈಟಿಗೆ ಹೋಗಿ ನೋಡಿದೆವು. ಕಟ್ಟಡ ಎದ್ದು ನಿಂತಿದೆ, ಫ್ಲ್ಯಾಟಿಗೆ ಜನ ಬರುತ್ತಿದ್ದಾರೆ. ಕಟ್ಟಿದವರು ಎಲ್ಲಿಗೆ ಹೋದರು ಎಂದು ವಾಚ್‌ಮನ್‌ಗೂ ಗೊತ್ತಿಲ್ಲ.