ಕೂರ್ಮಗಡಕ್ಕೆ ಹೊರಟ ದೋಣಿ

ಕಾರವಾರದ ಕಡಲ ದಂಡೆಯಲ್ಲಿ ನಿಂತು ಪಡುವಣ ದಿಕ್ಕಿಗೆ ದೃಷ್ಟಿಯನ್ನು ಹರಿಯಿಸಿದರೆ, ನೀರಿನ ಮೇಲೆ ಬೆನ್ನನ್ನು ಮಾತ್ರ ತೋರಿಸಿ ಮಲಗಿದ ಆಮೆಯಂತೆ ಒಂದು ನಡುಗಡ್ಡೆಯು ಕಾಣಿಸುತ್ತದೆ. ಅದೇ ಕೂರ್ಮಗಡ, ಊರಿನವರ ಬಾಯಲ್ಲಿ ಕುರುಮಗಡ. ಬಲಗಡೆಗೆ ಕಾಳಿ ನದಿಯು ಸಹ್ಯಾದ್ರಿಯ ಕಾಡುಗಳನ್ನೆಲ್ಲ ಬಳಸಿ ಬಂದು ಕಡಲನ್ನು ಕೂಡುತ್ತದೆ. ಆಚೆಯ ದಡದಲ್ಲಿ ಸದಾಶಿವಗಡದ ಗುಡ್ಡ. ರವೀಂದ್ರನಾಥ ಠಾಕೂರರು ತಮ್ಮ ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ತಂಗಿದ್ದರು; ‘ಪ್ರಕೃತಿರ್ ಪ್ರತಿಶೋಧ್’ ಎಂಬ ಅವರ ನಾಟಕವು ಹುಟ್ಟಿದುದು ಇಲ್ಲಿಯೇ. ದಂಡೆಗೆ ಈಗ ಅವರದೇ ಹೆಸರು. ಆದರೆ ನಾನು ಹೇಳಹೊರಟಿರುವುದು ದಂಡೆಯ ಮೇಲೆ ಕುಳಿತು ಕಂಡ ಕಡಲಿನ ವಿಚಾರವಲ್ಲ. ದಂಡೆಯನ್ನು ಬಿಟ್ಟ ಮೇಲಿನದು.

ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದೆ. ವರ್ಷಕ್ಕೊಮ್ಮೆ, ಬನದ ಹುಣ್ಣಿಮೆಯ ದಿನ, ಅಲ್ಲಿ ಜಾತ್ರೆ. ಅಂದು ಬೆಸ್ತರ ದೋಣಿಗಳು ಬಲೆಯನ್ನು ಮನೆಯಲ್ಲಿಟ್ಟು ಜನರನ್ನು ಹೊರುತ್ತವೆ. ಬಾಳೆಗೊನೆ, ಹೂವು, ತೆಂಗಿನಕಾಯಿ, ಮಕ್ಕಳು, ಮುದುಕರು, ಘಟ್ಟದ ಮೇಲಿನಿಂದ ಬಂದು ಜೀವಮಾನದಲ್ಲಿ ಮೊದಲ ಸಲ ಉಪ್ಪು ನೀರನ್ನು ಕಂಡವರು, ಎಲ್ಲರೂ ಒಂದೇ ದೋಣಿಯಲ್ಲಿ. 2019ನೆಯ ಇಸವಿಯ ಜನವರಿ 21ರಂದು ಇದೇ ಜಾತ್ರೆಗೆ ಹೋದವರ ಒಂದು ದೋಣಿಯು ನಡುಗಡ್ಡೆಯ ಸಮೀಪದಲ್ಲಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಹಾವೇರಿಯ ಸೀಮೆಯವರೂ ಇದ್ದರು, ಎಳೆಯ ಮಕ್ಕಳೂ ಇದ್ದರು. ವಾಚಕರಲ್ಲಿ ಅನೇಕರಿಗೆ ಆ ಸುದ್ದಿಯು ನೆನಪಿರಬಹುದು.

ನಮ್ಮ ನೆರೆಮನೆಯವರು ತಾಂಡೇಲರು. ತಾಂಡೇಲನೆಂದರೆ ದೋಣಿಯ ಯಜಮಾನ, ಬಲೆ ಬೀಸುವವರ ಮುಖಂಡ. ಅವರ ತಂದೆಯ ಕಾಲದಿಂದಲೂ ಜಾತ್ರೆಯ ದಿನ ಬಂಧುಗಳನ್ನೂ ಸ್ನೇಹಿತರನ್ನೂ ಕೂರ್ಮಗಡಕ್ಕೆ ಕರೆದೊಯ್ಯುವುದು ಆ ಮನೆಯ ಪದ್ಧತಿ. ಅದಕ್ಕೆ ಒಂದು ಕಾಸನ್ನೂ ಮುಟ್ಟುವುದಿಲ್ಲ. 2019ರ ಆ ದಿನದ ಮಾತನ್ನು ಅವರು ಆಡುವುದಿಲ್ಲ. ನಾನೂ ಕೇಳಿದವನಲ್ಲ. ಆದರೆ ಕಳೆದ ವರ್ಷ ಸಂಕ್ರಾಂತಿಗೆ ಕೆಲವು ವಾರಗಳ ಮುಂಚೆ ಒಂದು ಸಂಜೆ ನಮ್ಮ ಜಗಲಿಗೆ ಬಂದು, “ಮಾಸ್ತರೇ, ನಾಳೆ ಬಂದರಿಗೆ ಬರುತ್ತೀರೋ? ನೆಂಟರಿಗೆ ಜಾಕೀಟು ತರಬೇಕು. ಅದರ ಮೇಲೆ ಇಂಗ್ಲೀಷಿನಲ್ಲಿ ಏನೇನೋ ಬರೆದಿರುತ್ತದೆ, ನೀವು ಓದಿ ಹೇಳಬೇಕು,” ಎಂದರು. ಸರಕಾರದ ಕಾಗದಗಳಲ್ಲಿ ಜೀವರಕ್ಷಕ ಕವಚವೆಂದು ಏನೆಂದು ಬರೆದರೂ ಬಂದರಿನಲ್ಲಿ ಅದು ಜಾಕೀಟೇ.

ನಾನು ಸಲುಗೆಯಿಂದ, “ನಿಮಗೆ ಎಂದೂ ಬೇಕಾಗದ ಜಾಕೀಟು ನೆಂಟರಿಗೆ ಏಕೆ?” ಎಂದು ಕೇಳಿದೆ.

“ನಾವು ಬಲೆಗೆ ಬೆಂಡು ಕಟ್ಟುವುದಿಲ್ಲವೋ? ಬಲೆಗೆ ಈಜು ಬರುವುದಿಲ್ಲ, ಅದಕ್ಕೆ ಕಟ್ಟುವುದು. ನಿಮಗೂ ಬರುವುದಿಲ್ಲ,” ಎಂದರು ತಾಂಡೇಲರು.

ನಾನು ಘಟ್ಟದ ಮೇಲಿನವನು. ನಮ್ಮೂರಿನ ಕೆರೆಯಲ್ಲಿ ಮೊಳಕಾಲಿನವರೆಗೆ ಇಳಿದುದೇ ನನ್ನ ಜಲಕ್ರೀಡೆಯ ಪರಮಾವಧಿ. ಆದುದರಿಂದ ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಬೆಂಡನ್ನು ಮನುಷ್ಯನಿಗೂ ಕಟ್ಟಬಹುದೆಂಬ ಯೋಚನೆಯು ಹಳೆಯದು. 1854ರಲ್ಲಿ ಇಂಗ್ಲೆಂಡಿನ ಜೀವರಕ್ಷಕ ದೋಣಿಗಳ ಸಂಸ್ಥೆಯಲ್ಲಿದ್ದ ವಾರ್ಡ್ ಎಂಬ ನೌಕಾಧಿಕಾರಿಯು ಬೆಂಡಿನ ತುಂಡುಗಳನ್ನು ಬಟ್ಟೆಗೆ ಹೊಲಿಸಿ ನಾವಿಕರಿಗಾಗಿ ಒಂದು ಅಂಗಿಯನ್ನು ಮಾಡಿಸಿದನು. ತೊಡುವವರು ಮಾತ್ರ ಕಡಮೆ. 1861ರ ಫೆಬ್ರವರಿಯಲ್ಲಿ ವಿಟ್ಬಿ ಎಂಬ ಬಂದರಿನಲ್ಲಿ ಬಿರುಗಾಳಿಗೆ ಸಿಕ್ಕಿದ ಹಡಗುಗಳವರನ್ನು ಉಳಿಸಲು ಹೋದ ದೋಣಿಯೇ ಮಗುಚಿ, 13 ಜನರಲ್ಲಿ 12 ಮಂದಿ ಮಡಿದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಹೊಸ ಬೆಂಡಿನ ಅಂಗಿಯನ್ನು ತೊಟ್ಟಿದ್ದವನೂ ಅವನೊಬ್ಬನೇ. ಮುಂದೆ ಬೆಂಡಿನ ಸ್ಥಾನಕ್ಕೆ ಬಿಳಿಬೂರುಗದ ಅರಳೆಯು ಬಂದಿತು. ಅದು ಹಗುರ, ಮೆತ್ತಗೆ. ಆದರೆ ಎಣ್ಣೆ ಹಿಡಿದರೆ ಕೆಟ್ಟುಹೋಗುತ್ತದೆ. ಈಗಿನದು ನೀರು ಹೀರದ, ಒಳಗೆಲ್ಲ ಮುಚ್ಚಿದ ಗುಳ್ಳೆಗಳಿಂದ ತುಂಬಿದ ಫೋಮು.

ಮರುದಿನ ಬಂದರಿನ ಹತ್ತಿರ ಹಗ್ಗ, ಬಣ್ಣ, ಬಲೆಯ ನೂಲು, ಇಂಜಿನ್ ಎಣ್ಣೆಗಳನ್ನು ಮಾರುವ ಅಂಗಡಿಗೆ ಹೋದೆವು. ಅಂಗಡಿಯವರು ಮೊದಲು ತೋರಿಸಿದುದು ಕಿತ್ತಳೆ ಬಣ್ಣದ ತೆಳ್ಳನೆಯ ಒಂದು ಜಾಕೀಟನ್ನು. ಬೆಲೆ 450 ರೂಪಾಯಿ. ಆಮೇಲೆ ಒಳಗಿನಿಂದ ತಂದುದು ದಪ್ಪನಾದುದು, ಕುತ್ತಿಗೆಯ ಹಿಂದೆ ದಿಂಬಿನಂತಹ ಪಟ್ಟಿಯುಳ್ಳುದು, ಅದಕ್ಕೆ 1,400. ಎರಡನ್ನೂ ಎದುರಿಗಿಟ್ಟುಕೊಂಡು ನಾನು ಚೀಟಿಗಳನ್ನು ಓದತೊಡಗಿದೆ.

ಓದಿ ತಿಳಿದುದನ್ನು ಇಲ್ಲಿ ಬರೆಯುವುದರಿಂದ ಯಾರಿಗಾದರೂ ಉಪಯೋಗವಾದೀತು. ಜಾಕೀಟು ಮನುಷ್ಯನನ್ನು ಎಷ್ಟು ಬಲದಿಂದ ಎತ್ತಿ ಹಿಡಿಯುತ್ತದೆಂಬುದನ್ನು ನ್ಯೂಟನ್ ಎಂಬ ಅಳತೆಯಲ್ಲಿ ಬರೆದಿರುತ್ತಾರೆ. ಹತ್ತು ನ್ಯೂಟನ್ ಎಂದರೆ ಹೆಚ್ಚುಕಡಮೆ ಒಂದು ಕಿಲೋ ಭಾರವನ್ನು ಎತ್ತುವ ಬಲ. ದಪ್ಪ ಮೈಯವರಿಗೆ ದೊಡ್ಡ ಬಲ ಬೇಕೆಂದು ನಾನು ಭಾವಿಸಿದ್ದೆ; ಅದು ತಪ್ಪು. ಮನುಷ್ಯನ ದೇಹವು ನೀರಿನಲ್ಲಿ ತೂಗುವುದು ನಾಲ್ಕೈದು ಕಿಲೋಗಳಷ್ಟೇ, ಕೊಬ್ಬಿದ್ದವನು ಇನ್ನೂ ಕಡಮೆ. ಆದರೆ ತೇಲುವುದು ಬೇರೆ, ಮೂಗು ನೀರಿನ ಮೇಲಿರುವಂತೆ ತೇಲುವುದು ಬೇರೆ. 50 ನ್ಯೂಟನಿನದು ಈಜು ಬಲ್ಲವರಿಗೆ, ದಡದ ಸಮೀಪದಲ್ಲಿ, ನೆರವು ಕೈಗೆಟಕುವಂತಿದ್ದಾಗ. 100ರದು ಅಲೆಯಿಲ್ಲದ ನೀರಿಗೆ. ತೆರೆದ ಕಡಲಿಗೆ ಹೇಳಿರುವುದು 150. ಎಚ್ಚರ ತಪ್ಪಿದವನನ್ನೂ ಬೆನ್ನಿನ ಮೇಲೆ ಹೊರಳಿಸಿ ಮೋರೆಯನ್ನು ಆಕಾಶದ ಕಡೆಗೆ ಮಾಡುವುದೇ ದೊಡ್ಡ ಜಾಕೀಟಿನ ಗುಣ. ಕುತ್ತಿಗೆಯ ಹಿಂದಣ ದಿಂಬು ಇರುವುದು ಅದಕ್ಕಾಗಿ. 450 ರೂಪಾಯಿಯದರಲ್ಲಿ ನ್ಯೂಟನಿನ ಹೆಸರೇ ಇರಲಿಲ್ಲ, ಯಾವ ಪರೀಕ್ಷಾಧಿಕಾರಿಯ ಮುದ್ರೆಯೂ ಇರಲಿಲ್ಲ. ‘ಉತ್ತಮ ದರ್ಜೆ’ ಎಂಬೆರಡು ಪದಗಳು ಮಾತ್ರ ದೊಡ್ಡ ಅಕ್ಷರಗಳಲ್ಲಿದ್ದುವು.

ಎರಡನೆಯ ವಿಚಾರ ಅಳತೆಯದು. ಹಡಗುಗಳ ಅಂತರರಾಷ್ಟ್ರೀಯ ನಿಯಮದ ಪ್ರಕಾರ 43 ಕಿಲೋಗಳಿಗೂ ಮೇಲ್ಪಟ್ಟವರಿಗೆ ದೊಡ್ಡವರದು, 15ರಿಂದ 43ರವರೆಗೆ ಮಕ್ಕಳದು, ಅದಕ್ಕೂ ಕೆಳಗೆ ಶಿಶುಗಳದು. ದೊಡ್ಡವರ ಜಾಕೀಟನ್ನು ಮಗುವಿಗೆ ತೊಡಿಸಿದರೆ ಏನಾಗುತ್ತದೆಂಬುದನ್ನು ತಿಳಿಯಲು ಕಡಲಿಗೆ ಹೋಗಬೇಕಾಗಿಲ್ಲ. ಹೆಗಲಿನ ಪಟ್ಟಿಗಳನ್ನು ಹಿಡಿದು ಮೇಲಕ್ಕೆ ಎಳೆದರೆ ಸಾಕು. ಜಾಕೀಟು ಕೈಯಲ್ಲಿ ಬರುತ್ತದೆ, ಮಗುವು ಕೆಳಗೆ ಉಳಿಯುತ್ತದೆ. ಗಾಳಿ ತುಂಬಿಕೊಳ್ಳುವ ಸಪುರವಾದ ಜಾತಿಯನ್ನೂ ಅಂಗಡಿಯವರು ತೋರಿಸಿದರು. ತಾಂಡೇಲರು ಅದನ್ನು ಮುಟ್ಟಲೂ ಇಲ್ಲ. ಗಾಳ, ಸೂಜಿ, ಮೀನಿನ ಮುಳ್ಳುಗಳಿರುವ ದೋಣಿಯಲ್ಲಿ ಅದರ ಆಯುಷ್ಯವೆಷ್ಟು!

ಕೊಳ್ಳುವ ಮುನ್ನ ಪರೀಕ್ಷಿಸಬೇಕೆಂದು ಅಂಗಡಿಯವರನ್ನು ಒಪ್ಪಿಸಿ, ಎರಡು ಬಗೆಯವುಗಳಲ್ಲಿ ಒಂದೊಂದನ್ನು ಕಾಳಿಯ ಹಿನ್ನೀರಿಗೆ ತಂದೆವು. ಈಜು ಬಾರದ ಪ್ರಾಣಿಯೊಂದು ಬೇಕಾಗಿತ್ತು. ಅದು ನಾನಾದೆ. ಎದೆಯುದ್ದದ ನೀರು, ಎರಡು ಪಕ್ಕದಲ್ಲಿಯೂ ತಾಂಡೇಲರ ಕಡೆಯ ಹುಡುಗರು, ದಂಡೆಯ ಮೇಲೆ ನನ್ನಾಕೆ ಮತ್ತು ಊರಿನ ಅರ್ಧ ಮಕ್ಕಳು. ಅಗ್ಗದ ಜಾಕೀಟನ್ನು ತೊಟ್ಟು ಕಾಲನ್ನು ಎತ್ತಿದ ಕ್ಷಣದಲ್ಲಿಯೇ ಅದು ಕಿವಿಯವರೆಗೆ ಏರಿತು. ನಾನು ಗಲ್ಲದವರೆಗೆ ಇಳಿದೆ. ಒಂದು ಗುಟುಕು ಕಾಳಿಯ ನೀರನ್ನು ಕುಡಿದುದೂ ಆಯಿತು. ಎರಡನೆಯದರಲ್ಲಿ ತೊಡೆಗಳ ನಡುವೆ ಹಾಯಿಸಿ ಕಟ್ಟುವ ಪಟ್ಟಿಯಿತ್ತು. ಅದನ್ನು ಬಿಗಿದುಕೊಂಡು ಮಲಗಿದೆ. ಯಾರೂ ಹಿಡಿಯದೆಯೇ ಅಂಗಾತನಾಗಿ ತೇಲಿದೆ. ಅರುವತ್ತು ದಾಟಿದ ಮೇಲೆ ಮೊದಲ ಸಲ ನೀರಿನ ಮೇಲಿನಿಂದ ಸದಾಶಿವಗಡವನ್ನು ಕಂಡೆ. ಏಳುವ ಮನಸ್ಸಾಗಲಿಲ್ಲವೆಂದರೆ ವಾಚಕರು ನಗಬಾರದು.

ಪಟ್ಟಿಯ ವಿಚಾರದಲ್ಲಿ ನನ್ನಾಕೆಗೆ ಚಿಂತೆ ಹತ್ತಿತು. ಸೀರೆ ಉಟ್ಟವರು ಅದನ್ನು ಕಟ್ಟಿಕೊಳ್ಳುವುದು ಹೇಗೆ? ತಾಂಡೇಲರ ಮನೆಯವರು ನಕ್ಕು, “ಹೇಗೇನು ವಹಿನಿ, ನಮ್ಮ ಹಾಗೆ ಕಚ್ಚೆ ಹಾಕಿರಿ,” ಎಂದರು. ಇಲ್ಲಿಯ ಬೆಸ್ತರ ಹೆಂಗಸರ ಉಡಿಗೆಯು ಕಡಲಿನ ಕೆಲಸಕ್ಕೆಂದೇ ಹುಟ್ಟಿದಂತಿದೆ. ಪಟ್ಟಿಯು ಅದರ ಮೇಲೆ ಸಲೀಸಾಗಿ ಕೂರುತ್ತದೆ.

ಆ ರಾತ್ರಿ ಲೆಕ್ಕ ನಡೆಯಿತು. ವಾಡಿಕೆಯಂತೆ ದೋಣಿಗೆ ಇಪ್ಪತ್ತು ಜನ. ಅಗ್ಗದವು ಇಪ್ಪತ್ತಾದರೆ 9,000 ರೂಪಾಯಿ. ಒಳ್ಳೆಯವು ಅಷ್ಟೇ ಬೇಕೆಂದರೆ ಅವರ ಕೈಗೆ ಎಟಕುವ ಮಾತಲ್ಲ; ಆ ವರ್ಷ ಮೀನೂ ಕಡಮೆ, ಇಂಜಿನಿನ ಸಾಲವೂ ಉಳಿದಿತ್ತು. ದೊಡ್ಡವರವು 9, ಮಕ್ಕಳವು 1,100ರಂತೆ 3, ಹೀಗೆ ಹನ್ನೆರಡಕ್ಕೇ 15,900 ಆಗುತ್ತಿತ್ತು. ತಾಂಡೇಲರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ದಡದಲ್ಲಿ ಪೊಲೀಸಿನವರು ನೋಡುವುದು ಜಾಕೀಟು ಉಂಟೋ ಇಲ್ಲವೋ ಎಂಬುದನ್ನು. ಅದರ ಫೋಮನ್ನು ಯಾರು ಹಿಚುಕಿ ನೋಡುತ್ತಾರೆ? ಯಾರನ್ನು ಬಿಟ್ಟು ಹೋಗುವುದು? ಬಿಟ್ಟವರು ಜನ್ಮಕ್ಕೆ ಮಾತನಾಡಿಸುವುದಿಲ್ಲ.

ಒಳಗಿನಿಂದ ಅವರ ಮನೆಯವರ ದನಿ ಬಂದಿತು: “ಇಪ್ಪತ್ತು ಜನರನ್ನು ಕರೆದುಕೊಂಡು ಬಾ ಎಂದು ದೇವರು ಹೇಳಿದ್ದಾನೋ?”

ಹನ್ನೆರಡು ಜಾಕೀಟುಗಳು ಬಂದುವು. ದೋಣಿ ನಡೆಸುವವರಿಗೆ ಎರಡು. ಅವರೂ ತೊಡಬೇಕೆಂಬುದು ನನ್ನ ಹಟವಾಗಿತ್ತು. ಚುಕ್ಕಾಣಿ ಹಿಡಿದವನು ಬರಿಮೈಯಲ್ಲಿದ್ದರೆ ನೆಂಟರು ಅರ್ಧ ದಾರಿಯಲ್ಲಿ ಗುಂಡಿಯನ್ನು ಬಿಚ್ಚುತ್ತಾರೆ. ಉಳಿದುವು ಹತ್ತು: ದೊಡ್ಡವರು ಏಳು, ಮಕ್ಕಳು ಮೂರು. ತಾಂಡೇಲರು ಪ್ರತಿಯೊಂದರ ಬೆನ್ನಿನ ಮೇಲೂ ಬಣ್ಣದಿಂದ ಅಂಕಿಯನ್ನು ಬರೆದರು.

ಜಾತ್ರೆಯ ದಿನ ಬೆಳಗಿನ ಏಳು ಗಂಟೆಗೆ ಕೋಡಿಬಾಗದಲ್ಲಿ ನಾವು ಕೂಡಿದಾಗ, ಅಂಕೋಲೆಯಿಂದ ತಾಂಡೇಲರ ಅಕ್ಕನವರು ಬಂದಿಳಿದರು. ಎಪ್ಪತ್ತರ ಮುದುಕಿ, ಕೈಯಲ್ಲಿ ಆರು ವರ್ಷದ ಮೊಮ್ಮಗ, ತಲೆಯ ಮೇಲೆ ಹರಕೆಯ ಬಾಳೆಗೊನೆ. ಬರುತ್ತೇವೆಂದು ಹೇಳಿಕಳುಹಿಸಿರಲಿಲ್ಲ. ತಮ್ಮನ ದೋಣಿಗೆ ಅಕ್ಕ ಬರಲು ಅಪ್ಪಣೆ ಬೇಕೆ?

ನನ್ನ ಜಾಕೀಟನ್ನು ಬಿಚ್ಚಿ ಕೊಡಲು ಹೋದೆ. ತಾಂಡೇಲರು ತಲೆಯಾಡಿಸಿದರು. ಮುದುಕಿಗೆ ಅದು ಆದೀತು, ಹುಡುಗನಿಗೆ ಆಗದು. ಮಕ್ಕಳ ಮೂರೂ ಮೂವರ ಮೈಮೇಲಿದ್ದುವು. “ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ,” ಎಂದರು ಅಕ್ಕ. ಸುತ್ತಲಿದ್ದವರೂ, “ಒಂದು ಕೂಸಿನ ಭಾರ ಎಷ್ಟು ಮಹಾ,” ಎಂದರು. ಅದು ಸುಲಭವಾದ ಮಾತು. ಅಂತಹ ಸುಲಭವಾದ ಮಾತುಗಳಿಂದಲೇ ಹನ್ನೆರಡು ಇಪ್ಪತ್ತಾಗುತ್ತದೆ. ತಾಂಡೇಲರು ಅಕ್ಕನ ಮೋರೆಯನ್ನು ನೋಡದೆ, “ಎರಡನೆಯ ಸಲಕ್ಕೆ ಬಾ ಅಕ್ಕಾ,” ಎಂದು ದೋಣಿಯನ್ನು ನೂಕಿಸಿದರು. ನಾನೂ ನನ್ನಾಕೆಯೂ ಇಳಿದು ಅಕ್ಕನವರೊಡನೆ ಮರಳಿನ ಮೇಲೆ ಕುಳಿತೆವು. ಖಾಲಿಯಾದ ಎರಡು ಜಾಗಕ್ಕೆ ಬೇರೆ ಇಬ್ಬರು ದೊಡ್ಡವರು ಹತ್ತಿದರು.

ಅಕ್ಕನವರು ಒಂದು ಮಾತನ್ನೂ ಆಡಲಿಲ್ಲ. ಅಳಿವೆಯಲ್ಲಿ ನದಿಯ ನೀರೂ ಕಡಲಿನ ಅಲೆಯೂ ಎದುರುಬದುರಾಗುವ ಕಡೆ ದೋಣಿಯು ಒಮ್ಮೆ ಮೂಗನ್ನೆತ್ತಿ ಕುಕ್ಕಿತು. ಕಿತ್ತಳೆ ಚುಕ್ಕೆಗಳೆಲ್ಲ ಒಟ್ಟಿಗೆ ಎದ್ದು ಒಟ್ಟಿಗೆ ಬಿದ್ದುವು. ಆಗ ಮಾತ್ರ ಅವರು ಹುಡುಗನನ್ನು ಬಳಿಗೆ ಎಳೆದುಕೊಂಡುದನ್ನು ಕಂಡೆ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಎರಡನೆಯ ಸಲವೆಂಬುದೇ ಇಲ್ಲವೆಂದು ತಾಂಡೇಲರು ಮೊದಲೇ ಹೇಳಿದ್ದರು. ಹಾಗಾಗಿ ನಾವು ಮೂವರೂ ನೀರನ್ನು ನೋಡುವುದನ್ನು ಬಿಟ್ಟು ತೆಂಗಿನ ಗರಿಗಳನ್ನು ನೋಡುತ್ತ ಕುಳಿತೆವು.

ಒಂಬತ್ತೂವರೆಗೆ ದೋಣಿಯು ಹಿಂದಿರುಗಿತು. ಗುಡಿಯ ದರ್ಶನವನ್ನು ಮುಗಿಸಿದವರು ದಡದಲ್ಲಿ ಇಳಿದು, ತೊಟ್ಟಿದ್ದ ಜಾಕೀಟುಗಳನ್ನು ಬಿಚ್ಚಿ ಅಂಕಿಯ ಸರದಿಯಲ್ಲಿ ಇಟ್ಟರು. ತಾಂಡೇಲರು ತಾವೇ ಅಕ್ಕನಿಗೆ ನಾಲ್ಕನೆಯದನ್ನು ತೊಡಿಸಿ, ಕಚ್ಚೆಯ ಮೇಲೆ ಪಟ್ಟಿಯನ್ನು ಎಳೆದು ಕಟ್ಟಿದರು. ಹೆಗಲನ್ನು ಹಿಡಿದು ಎತ್ತಿ ನೋಡಿದರು. “ಮನೆಗೆ ಬರುವವರೆಗೆ ಬಿಚ್ಚಬಾರದು,” ಎಂದರು.

ನಡುಗಡ್ಡೆಯಲ್ಲಿ ಬಂಡೆಗಳ ಅಂಚಿಗೆ ಇಳಿದು ಮೆಟ್ಟಿಲು ಹತ್ತಿದೆವು. ನಾವೆಲ್ಲ ಜಾಕೀಟುಗಳನ್ನು ದೋಣಿಯಲ್ಲಿಯೇ ಬಿಟ್ಟಿದ್ದೆವು. ಅಕ್ಕನವರು ಬಿಡಲಿಲ್ಲ. ತಮ್ಮ ಹೇಳಿದುದು ಮನೆಗೆ ಬರುವವರೆಗೆ. ಬಾಳೆಗೊನೆಯನ್ನು ಒಪ್ಪಿಸಿ, ಬೆನ್ನಿನ ಮೇಲೆ ನಾಲ್ಕರ ಅಂಕಿಯನ್ನು ಹೊತ್ತುಕೊಂಡೇ ಅವರು ಗುಡಿಗೆ ಪ್ರದಕ್ಷಿಣೆ ಬಂದರು. ಹಿಂದಿನಿಂದ ಹುಡುಗನೂ, ಜಾಕೀಟಿಗೆ ಕಟ್ಟಿದ್ದ ಸೀಟಿಯನ್ನು ಊದುತ್ತ. ನಕ್ಕವರು ಹಲವರು. ಅವರು ಯಾರ ಕಡೆಗೂ ನೋಡಲಿಲ್ಲ.

ಮರುದಿನ ಬೆಳಗ್ಗೆ ತಾಂಡೇಲರ ಅಂಗಳದಲ್ಲಿ ಹನ್ನೆರಡು ಜಾಕೀಟುಗಳನ್ನೂ ಸಿಹಿನೀರಿನಲ್ಲಿ ಅದ್ದಿ, ಬಿಸಿಲು ತಾಕದಂತೆ ಮಾಡಿನ ಕೆಳಗೆ ಹಗ್ಗದ ಮೇಲೆ ಹರವಿದ್ದರು. ನಾನು ಹೋದಾಗ ಅವರು ಒಂದೊಂದನ್ನೂ ತಡವಿ ನೋಡುತ್ತಿದ್ದರು. ಎಲ್ಲವೂ ಸರಿಯಾಗಿದ್ದುವು, ಹನ್ನೊಂದನೆಯದರಲ್ಲಿ ಸೀಟಿಯು ಮಾತ್ರ ಇರಲಿಲ್ಲ. ಅದು ಅಂಕೋಲೆಗೆ ಹೋಗಿತ್ತು.