ಮುಂದಿನ ಮರ ಮೊದಲು

ನಾಟಿ ಮುಗಿದು, ಕೊಡವರ ಆಯುಧ ಹಬ್ಬವಾದ ಕೈಲ್ ಪೊಳ್ದ್‌ಗೆ ಇನ್ನೊಂದು ವಾರ ಇದೆ ಎನ್ನುವಾಗ ಮಳೆ ಒಂದು ಗಳಿಗೆ ಹೊಳವಾದರೂ ಸಾಕು, ಜಗಲಿಯಲ್ಲಿ ಗೋಣಿತಾಟು ಹಾಸಿ ಕೂತುಬಿಡುತ್ತೇನೆ. ಒಂದು ಕಡೆ ಸೀಮೆಎಣ್ಣೆಯ ಬಟ್ಟಲು, ಇನ್ನೊಂದು ಕಡೆ ಅಗಸೆ ಎಣ್ಣೆಯ ಶೀಶೆ, ಮಡಿಲಲ್ಲಿ ಹಳೆಯ ಪಂಚೆಯಿಂದ ಹರಿದ ಬಟ್ಟೆಚೂರುಗಳು. ಎದುರಿಗೆ ದೊಡ್ಡಪ್ಪ ಬಿಟ್ಟುಹೋದ ರೈಫಲ್. ಇಷಾಪುರದ ಕಾರ್ಖಾನೆಯಲ್ಲಿ ಮಾಡಿದ್ದು. ಕಾಗದದಲ್ಲಿ 0.315 ಬೋರ್ ಅಂತ ಇದೆ, ಬಾಯಲ್ಲಿ ತ್ರೀ ಫಿಫ್ಟೀನ್.

ಮನೆಯಲ್ಲಿ ಜೋಡು ನಳಿಗೆಯ ತೋಟಾಕೋವಿಯೂ ಇದೆ. ಅದನ್ನು ಒರೆಸುವುದು ಅರ್ಧ ಗಂಟೆಯ ಕೆಲಸ. ರೈಫಲ್ ಹಾಗಲ್ಲ, ಅದು ಇಡೀ ಮಧ್ಯಾಹ್ನವನ್ನು ಕೇಳುತ್ತದೆ. ನಾನೂ ಖುಷಿಯಿಂದಲೇ ಕೊಡುತ್ತೇನೆ.

ಮೊದಲು ಬೋಲ್ಟ್ ಹೊರಗೆ ಬರಬೇಕು. ಕೋವಿ ಖಾಲಿ ಇದೆಯೇ ಎಂದು ಕಣ್ಣಿನಿಂದ ಒಮ್ಮೆ, ಕಿರುಬೆರಳು ತೂರಿಸಿ ಇನ್ನೊಮ್ಮೆ ನೋಡಿಕೊಂಡು, ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಪೂರ್ತಿ ಎಳೆದು, ಬೋಲ್ಟಿನ ತಲೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿದರೆ 'ಟಕ್' ಎಂದು ಹಳಿ ಬಿಟ್ಟು ಏಳುತ್ತದೆ. ಆ ಟಕ್ ಎನ್ನುವ ಸದ್ದು ನನಗೆ ಇಷ್ಟ. ಸಣ್ಣವನಿದ್ದಾಗ ಒಳಗೆ ಓದಿಕೊಂಡಿದ್ದರೂ ಆ ಸದ್ದು ಕೇಳಿದರೆ ದೊಡ್ಡಪ್ಪ ಕೋವಿ ಬಿಚ್ಚಿದರೆಂದು ಗೊತ್ತಾಗಿ ಪುಸ್ತಕ ಮುಚ್ಚಿ ಓಡುತ್ತಿದ್ದೆ. ಬೋಲ್ಟನ್ನು ಅಂಗೈಯಲ್ಲಿಟ್ಟು, "ಈ ನಂಬರ್ ಓದು, ಆ ನಂಬರ್ ಓದು" ಅನ್ನುತ್ತಿದ್ದರು. ಬೋಲ್ಟಿನ ಹಿಡಿಯ ಬುಡದಲ್ಲಿ ಒಂದು ಸಂಖ್ಯೆ, ಕೋವಿಯ ಮೈಮೇಲೆ ಒಂದು ಸಂಖ್ಯೆ. ಎರಡೂ ಒಂದೇ. "ಬೇರೆ ಕೋವಿಯ ಬೋಲ್ಟ್ ಇದರೊಳಗೆ ಹೋಗುತ್ತದೆ ಮಗಾ, ತಿರುಗುತ್ತದೆ ಕೂಡ. ಆದರೆ ಅದು ಇದರದ್ದಲ್ಲ."

ಆ ಮಾತು ಅರ್ಥವಾಗಲು ನನಗೆ ಬಹಳ ವರ್ಷ ಹಿಡಿಯಿತು. ತೋಟಾ ಸಿಡಿದಾಗ ಹಿಂದಕ್ಕೆ ಬರುವ ಒತ್ತಡವನ್ನೆಲ್ಲ ತಡೆಯುವುದು ಬೋಲ್ಟಿನ ಎರಡು ಕಿವಿಗಳು. ಬೋಲ್ಟಿನ ಮುಖಕ್ಕೂ ತೋಟಾದ ಬುಡಕ್ಕೂ ನಡುವೆ ಇರಬೇಕಾದ ಸಂದು ಕೂದಲೆಳೆಯಷ್ಟು. ಹೆಚ್ಚಾದರೆ ಹಿತ್ತಾಳೆಯ ಕೋಶ ಹಿಗ್ಗಿ ಹರಿಯುತ್ತದೆ, ಕಡಿಮೆಯಾದರೆ ಬೋಲ್ಟ್ ಮುಚ್ಚುವುದೇ ಇಲ್ಲ. ಆ ಸಂದು ಸರಿಹೋಗುವ ತನಕ ಬೋಲ್ಟಿನ ತಲೆಗಳನ್ನು ಒಂದೊಂದಾಗಿ ಹಾಕಿ ನೋಡಿ ಕೂರಿಸಿ, ಆಮೇಲೆ ಸಂಖ್ಯೆ ಒತ್ತುತ್ತಿದ್ದರು. ಒಂದೇ ಅಚ್ಚಿನಲ್ಲಿ ಸಾವಿರಗಟ್ಟಲೆ ಮಾಡಿದ ವಸ್ತುವಿನೊಳಗೆ ಹೀಗೆ ಒಬ್ಬ ಕೆಲಸಗಾರನ ಕೈ ಉಳಿದುಕೊಂಡಿದೆ.

ಈ ಬೋಲ್ಟನ್ನು ಕಲ್ಪಿಸಿದವನು ಜೇಮ್ಸ್ ಪ್ಯಾರಿಸ್ ಲೀ. 1831ರಲ್ಲಿ ಸ್ಕಾಟ್ಲೆಂಡಿನ ಹಾವಿಕ್‌ನಲ್ಲಿ ಹುಟ್ಟಿ, ಕೆನಡಾದಲ್ಲಿ ಬೆಳೆದು, ಗಡಿಯಾರದ ಕೆಲಸ ಕಲಿತವನು. ಬೋಲ್ಟ್ ಎಳೆದು ತಳ್ಳುವಾಗಲೆಲ್ಲ ಆ ಗಡಿಯಾರದ ಕೆಲಸ ನೆನಪಾಗುತ್ತದೆ. ಜರ್ಮನರ ಮೌಸರ್ ಬೋಲ್ಟಿನ ಕಿವಿಗಳು ಮುಂದಿವೆ, ಹಿಡಿಯನ್ನು 90 ಡಿಗ್ರಿ ಎತ್ತಬೇಕು. ಲೀಯವು ಹಿಂದಿವೆ, 60 ಡಿಗ್ರಿ ಸಾಕು. ಸ್ಪ್ರಿಂಗ್ ಬಿಗಿಯುವುದೂ ಬೋಲ್ಟನ್ನು ಮುಂದಕ್ಕೆ ತಳ್ಳುವಾಗ. ಎತ್ತುವಾಗ ಬೆಣ್ಣೆಯ ಹಾಗೆ ಏಳುತ್ತದೆ. ಬ್ರಿಟಿಷ್ ಸಿಪಾಯಿ 1914ರಲ್ಲಿ ಗುರಿಯಿಟ್ಟೇ ನಿಮಿಷಕ್ಕೆ 15 ಈಡು ಹೊಡೆಯುತ್ತಿದ್ದುದು ಇದರಿಂದಲೇ. ನನಗೆ ಅಂಥ ಅವಸರ ಯಾವತ್ತೂ ಇಲ್ಲ. ಆದರೂ ಬೇಗ ಕೆಲಸ ಮಾಡಲೆಂದು ಹುಟ್ಟಿದ ವಸ್ತುವನ್ನು ನಿಧಾನವಾಗಿ ನಡೆಸುವುದರಲ್ಲಿ ಒಂದು ಸುಖವಿದೆ.

ಹೊರನೋಟಕ್ಕೆ ಇದು ಸೇನೆಯ ಲೀ-ಎನ್‌ಫೀಲ್ಡಿನ ಒಡಹುಟ್ಟು. ಮೈ ಅದೇ, ಬೋಲ್ಟ್ ಅದೇ. ನಳಿಗೆಯ ತೂತು ಮಾತ್ರ ಬೇರೆ. ಸೇನೆಯದ್ದು 0.303, ಇದು 0.315, ಅಂದರೆ 8 ಮಿಲಿಮೀಟರ್. ಒಂದು ಕಾಳಿನಷ್ಟೂ ಇಲ್ಲದ ಈ ವ್ಯತ್ಯಾಸದ ಹಿಂದೆ ದೊಡ್ಡ ಭಯವೊಂದಿದೆ. ಸೇನೆಯ ಉಗ್ರಾಣದಿಂದ ಕದ್ದ ತೋಟಾ ಜನರ ಕೋವಿಗೆ ಹೊಂದಬಾರದು ಎನ್ನುವುದು ಬ್ರಿಟಿಷರ ಲೆಕ್ಕ. ಇದೇ ಲೆಕ್ಕದಲ್ಲಿ ಅವರು ಹಿಂದಿನ ಶತಮಾನದ ಆರಂಭದಲ್ಲಿ 0.450 ಬೋರಿನ ಶಿಕಾರಿ ರೈಫಲ್‌ಗಳಿಗೂ ಇಲ್ಲಿ ತಡೆ ಹಾಕಿದ್ದರು. ಇಂಗ್ಲೆಂಡಿನ ಕೋವಿ ತಯಾರಕರು ಅದಕ್ಕಾಗಿಯೇ 0.470ರಂಥ ಹೊಸ ಅಳತೆಗಳನ್ನು ಹುಡುಕಬೇಕಾಯಿತು. ನಮ್ಮ 0.315ಕ್ಕೆ ಸಿಕ್ಕಿದ್ದು ಆಸ್ಟ್ರಿಯಾದ ಮ್ಯಾನ್ಲಿಕರ್ ತೋಟಾದ ಮೈಕಟ್ಟು. ಅದರ ಬುಡದ ಅಂಚು 0.303ರ ಅಂಚಿಗೆ ಹತ್ತಿರ, ಹಾಗಾಗಿ ಅದೇ ಬೋಲ್ಟ್ ಅದನ್ನು ಹಿಡಿಯುತ್ತದೆ. ಹೂಗ್ಲಿ ತೀರದಲ್ಲಿ ಮಾಡಿದ ಕೋವಿ, ಸ್ಕಾಟ್ಲೆಂಡಿನವನ ಬೋಲ್ಟ್, ಆಸ್ಟ್ರಿಯಾದ ತೋಟಾ. ಇರುವುದು ಕೊಡಗಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೂ 0.303 ನಿಷೇಧಿತ ಬೋರಾಗಿಯೇ ಉಳಿಯಿತು, 0.315 ಜನರ ರೈಫಲ್ ಆಗಿಯೇ ಉಳಿಯಿತು.

ಬೇರೆ ಊರಿನವರು ನಮ್ಮ ಮನೆಯಲ್ಲಿ ಇದನ್ನು ನೋಡಿದರೆ ಲೈಸೆನ್ಸ್ ಕೇಳುತ್ತಾರೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸ್ ಬೇಡವೆಂಬ ವಿನಾಯಿತಿ 1861ರಿಂದ ನಡೆದು ಬಂದಿದೆ. ಈಗಿನ ಆದೇಶ 2029ರವರೆಗೆ. ವಿನಾಯಿತಿಗೂ ಅಳತೆಯಿದೆ: ಒಂದು ರೈಫಲ್, ಅದಕ್ಕೆ 100 ತೋಟಾ, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500. ನನಗೆ ನೂರು ಬೇಕಾದದ್ದೇ ಇಲ್ಲ. ವರ್ಷಕ್ಕೆ ಹತ್ತು ತೋಟಾ ಖರ್ಚಾದರೆ ಆ ವರ್ಷ ಜೋರು ಎಂದು ಅರ್ಥ.

ತೋಟಾದ ಮಾತು ಬಂತಲ್ಲ, ಅದರ ಬುಡವನ್ನು ಓದುವುದೂ ನನಗೊಂದು ಹುಚ್ಚು. ಹಿತ್ತಾಳೆಯ ಮೇಲೆ ಕೆ.ಎಫ್. ಎಂದಿದ್ದರೆ ಪುಣೆಯ ಪಕ್ಕದ ಖಡ್ಕಿ ಕಾರ್ಖಾನೆ. ಬ್ರಿಟಿಷರ ಬಾಯಲ್ಲಿ ಅದು ಕಿರ್ಕಿ. ಡಬ್ಬಿಯಿಂದ ತೆಗೆದು ಅಂಗೈಯಲ್ಲಿಟ್ಟರೆ ತೂಕ ತಿಳಿಯುತ್ತದೆ. ಮೂತಿಯಲ್ಲಿ ಸೀಸ ಇಣುಕುವ ಮೊಂಡು ಗುಂಡು, ಚೂಪಿಲ್ಲ. ಅಲುಗಾಡಿಸಿ ಕಿವಿಯ ಹತ್ತಿರ ಹಿಡಿದರೆ ಒಳಗೆ ಮದ್ದು ಸರಸರ ಎನ್ನುತ್ತದೆ. ಹಸಿರು ಕಿಲುಬು ಹತ್ತಿದ್ದನ್ನು, ಕುತ್ತಿಗೆಯಲ್ಲಿ ಸೀಳು ಕಂಡದ್ದನ್ನು ಬೇರೆ ಇಡುತ್ತೇನೆ. ಅದನ್ನು ಕೋವಿಯೊಳಗೆ ಹಾಕುವಷ್ಟು ಜಿಪುಣತನ ಯಾರಿಗೂ ಬೇಡ.

ಹಳೆಯ ತೋಟಾಗಳಿಗೆ ಇನ್ನೊಂದು ಗುಣವಿತ್ತು. ಅವುಗಳ ಕೇಪಿನಲ್ಲಿರುತ್ತಿದ್ದ ರಾಸಾಯನಿಕ ಉರಿದು ನಳಿಗೆಯೊಳಗೆ ಉಪ್ಪನ್ನು ಬಿಡುತ್ತಿತ್ತು. ಅಡುಗೆ ಉಪ್ಪಿನದೇ ಜಾತಿ. ನಮ್ಮ ಜೂನ್ ತಿಂಗಳಲ್ಲಿ ಉಪ್ಪಿನ ಭರಣಿ ಹೇಗೆ ನೀರೊಡೆಯುತ್ತದೆ ಎಂದು ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಎಣ್ಣೆ ಎಷ್ಟು ಹಾಕಿದರೂ ಉಪ್ಪು ಕರಗದು. ಅದಕ್ಕೆ ಬೇಕಾದ್ದು ನೀರು, ಅದೂ ಕುದಿಯುವ ನೀರು. ದೊಡ್ಡಪ್ಪ ಈಡು ಹೊಡೆದು ಬಂದವರು ಕೈಕಾಲು ತೊಳೆಯುವ ಮೊದಲೇ, "ಹಂಡೆಯಲ್ಲಿ ನೀರು ಕಾದಿದೆಯಾ?" ಎನ್ನುತ್ತಿದ್ದರು. ದೊಡ್ಡಮ್ಮ ಕೊಡುತ್ತಿದ್ದ ಚೆಂಬು, ನಳಿಗೆಯ ಹಿಂಬಾಯಿಗೊಂದು ತಗಡಿನ ಆಲಿಕೆ, ಹಿಂದಿನಿಂದ ಮುಂದಕ್ಕೆ ಧಾರೆಯಾಗಿ ನೀರು. ನಳಿಗೆ ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು, ಆ ಬಿಸಿಗೇ ಒಳಗಿನ ತೇವ ಹಾರಿಹೋಗುತ್ತಿತ್ತು. ಆಮೇಲೆ ಒಣಬಟ್ಟೆ, ಆಮೇಲೆ ಎಣ್ಣೆಬಟ್ಟೆ. ಹಿತ್ತಾಳೆಯ ತೂಕ ಕಟ್ಟಿದ ದಾರವನ್ನು ನಳಿಗೆಯೊಳಗೆ ಇಳಿಬಿಟ್ಟು ಎಳೆಯುವುದು ನನ್ನ ಪಾಲಿನ ಕೆಲಸ. ನಾಲ್ಕಂಗುಲ ಉದ್ದ, ಎರಡಂಗುಲ ಅಗಲದ ಬಟ್ಟೆ. ಸೇನೆಯವರು ಅದಕ್ಕೆ ಫೋರ್ ಬೈ ಟೂ ಎಂದೇ ಹೆಸರಿಟ್ಟಿದ್ದಾರೆ. ಬಟ್ಟೆ ಬೆಳ್ಳಗೆ ಹೊರಬರುವ ತನಕ ಬಿಡುಗಡೆಯಿಲ್ಲ. ಇವತ್ತಿಗೂ ನಾನು ಹಾಗೇ ಮಾಡುತ್ತೇನೆ. ಕೊನೆಗೆ ನಳಿಗೆಯನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗಿನ ಗೀರುಗಳು ಸುಳಿಸುಳಿಯಾಗಿ ಹೊಳೆಯುತ್ತ ದೂರಕ್ಕೆ ಸರಿಯುತ್ತವೆ. ಅದನ್ನು ನೋಡುತ್ತ ನಾನು ಬೇಕಾದಷ್ಟು ಹೊತ್ತು ಕೂರಬಲ್ಲೆ.

ಮಳೆಗಾಲಕ್ಕೆ ಇನ್ನೂ ಒಂದು ಕಟ್ಟುನಿಟ್ಟಿದೆ. ಚರ್ಮದ ಚೀಲದಲ್ಲಿ ಕೋವಿ ಇಡಬಾರದು. ಚರ್ಮ ತೇವ ಹೀರಿ ಕಬ್ಬಿಣಕ್ಕೆ ದಾಟಿಸುತ್ತದೆ. ಚಂದದ ಚೀಲವೆಂದು ಒಂದು ಆಟಿ ತಿಂಗಳು ಪೂರ್ತಿ ಅದರಲ್ಲೇ ಮಲಗಿಸಿದ್ದ ನೆಂಟರೊಬ್ಬರ ಕೋವಿಯ ಮೈಯಲ್ಲಿ ಸಿಡುಬಿನ ಕಲೆಗಳಂತೆ ತುಕ್ಕು ಎದ್ದದ್ದನ್ನು ನೋಡಿದ್ದೇನೆ.

ಹೊಸ ಸಾಮಾನುಗಳ ವಿಷಯದಲ್ಲಿ ನಾನು ಹಳಬ. ದುರ್ಬೀನು ಕೂರಿಸಲು ಮೈಗೆ ತೂತು ಹೊಡೆಸುವುದು ನನ್ನ ಕೈಲಾಗದು. ನಳಿಗೆ ಮೊಟಕು ಮಾಡುವುದಂತೂ 1959ರ ಆಯುಧ ಕಾಯಿದೆಗೇ ವಿರುದ್ಧ. ಟ್ರಿಗರನ್ನು ಹಗುರ ಮಾಡಿಸುವ ಆಸೆಯೂ ನನಗಿಲ್ಲ. ಇದರ ಟ್ರಿಗರ್ ಎರಡು ಹೆಜ್ಜೆಯಲ್ಲಿ ನಡೆಯುತ್ತದೆ: ಮೊದಲು ಉದ್ದನೆಯ ಸಡಿಲ ಎಳೆತ, ಆಮೇಲೆ ಒಂದು ಗೋಡೆ. ಆ ಗೋಡೆಗೆ ಬೆರಳು ತಾಗಿ ನಿಂತ ಕ್ಷಣದಲ್ಲಿ ಉಸಿರೂ ನಿಲ್ಲುತ್ತದೆ. ಹೊಡೆಯಬೇಕೋ ಬೇಡವೋ ಎಂದು ಇನ್ನೊಮ್ಮೆ ಯೋಚಿಸಲು ಕೋವಿಯೇ ಕೊಟ್ಟ ಅವಕಾಶ ಅದು. ಅದನ್ನು ಉಜ್ಜಿ ತೆಗೆಯುವುದೇಕೆ? ದೊಡ್ಡಪ್ಪ ಮಾಡಿಸಿದ್ದ ಬದಲಾವಣೆ ಒಂದೇ, ಹೆಗಲಿಗೆ ತಾಗುವಲ್ಲಿ ಒಂದು ರಬ್ಬರ್ ಪ್ಯಾಡ್, ಅದೂ ಅವರ ಹೆಗಲ ಕೀಲು ನೋಯಲು ಶುರುವಾದ ಮೇಲೆ.

ಮರದ ಕೆಲಸವೇ ನನಗೆ ಎಲ್ಲಕ್ಕಿಂತ ಪ್ರಿಯ. ಅಗಸೆ ಎಣ್ಣೆಯನ್ನು ಹನಿಹನಿಯಾಗಿ ಹಾಕಿ ಅಂಗೈ ಬಿಸಿಯಾಗುವ ಹಾಗೆ ತಿಕ್ಕಬೇಕು. ಒಮ್ಮೆಗೇ ಸುರಿದರೆ ಅಂಟಾಗುತ್ತದೆ. ವರ್ಷ ವರ್ಷ ತಿಕ್ಕಿದ ಮರಕ್ಕೆ ಬರುವ ಬಣ್ಣ ಚೆನ್ನಾಗಿ ಕಾದ ಬೆಲ್ಲದ ಪಾಕದ್ದು. ಈ ಮರದಲ್ಲೇ, ಮುಂದಿನ ಭಾಗದಲ್ಲಿ, ನನ್ನ ಕೈಯ ಗುರುತೂ ಇದೆ. ಹಿಂದಿನ ಹಿಡಿ ಸ್ವಲ್ಪ ಅಲುಗಾಡುತ್ತಿದ್ದ ಒಂದು ವರ್ಷ, ದೊಡ್ಡಪ್ಪ ಮಲಗಿದ್ದ ಹೊತ್ತು ನೋಡಿ, ಉದ್ದನೆಯ ಸ್ಕ್ರೂಡ್ರೈವರನ್ನು ಹಿಡಿಯ ತೂತಿನೊಳಗೆ ಇಳಿಸಿ ತಿರುವಿದೆ. ಒಳಗಿನ ಆ ಉದ್ದ ತಿರುಪಿನ ತುದಿ ಚೌಕಾಕಾರ. ಅದು ಮುಂದಿನ ಮರದೊಳಗಿನ ತಗಡಿನ ತೋಡಿಗೆ ಕಚ್ಚಿ ಕೂತಿರುತ್ತದೆ, ತನ್ನಷ್ಟಕ್ಕೆ ಸಡಿಲವಾಗದಿರಲಿ ಎಂದು. ನಾನು ತಿರುವಿದ ಹಾಗೆ ಚೌಕವೂ ತಿರುಗಿತು, ಮರ 'ಚಿಟ್' ಎಂದಿತು. ಕೂದಲಿನಂಥ ಸೀಳು, ಗೇಣುದ್ದ.

ದೊಡ್ಡಪ್ಪ ಎದ್ದು ಬಂದು ನೋಡಿದರು. ಬೈಯಲಿಲ್ಲ. ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, "ಮುಂದಿನ ಮರ ಮೊದಲು ಬಿಚ್ಚಬೇಕು, ಆಮೇಲೆ ಹಿಂದಿನದು" ಎಂದರು. ಅಷ್ಟೇ. ಆಚಾರಿ ಸರೇಸು ತುಂಬಿ ಬಿಗಿದು ಕೊಟ್ಟ ಆ ಸೀಳು ಈಗಲೂ ಎಣ್ಣೆ ತಿಕ್ಕುವಾಗ ಬೆರಳಿಗೆ ತಾಗುತ್ತದೆ.

ಸೇನೆಯಲ್ಲಿದ್ದವರಾದ್ದರಿಂದ ಅವರು ಇನ್ನೊಂದು ಸಂಗತಿಯನ್ನೂ ಹೇಳಿದ್ದರು. ಸೇನೆಯ ಲೀ-ಎನ್‌ಫೀಲ್ಡಿನ ಹಿಡಿಗಳು ಒಂದೇ ಉದ್ದದವಲ್ಲ. ಸಾಧಾರಣ ಅಳತೆಗೆ ಗುರುತಿಲ್ಲ. ಉದ್ದದ್ದಕ್ಕೆ 'ಎಲ್', ಗಿಡ್ಡದ್ದಕ್ಕೆ 'ಎಸ್', ಅದಕ್ಕೂ ಗಿಡ್ಡದ್ದಕ್ಕೆ 'ಬಿ'. ಲಕ್ಷಗಟ್ಟಲೆ ಸಿಪಾಯಿಗಳಿಗೆ ಒಂದೇ ಕೋವಿ ಕೊಡುವಾಗಲೂ ತೋಳಿನ ಉದ್ದ ಒಂದೇ ಅಲ್ಲ ಎಂದು ಯಾರೋ ನೆನಪಿಟ್ಟುಕೊಂಡಿದ್ದರು.

ಶಿಕಾರಿ 1972ರ ವನ್ಯಜೀವಿ ಕಾಯಿದೆಯೊಂದಿಗೆ ಮುಗಿಯಿತು, ಮುಗಿದದ್ದೇ ಒಳ್ಳೆಯದು. ಈಗ ಕೋವಿಯ ಸದ್ದು ಕೇಳುವುದು ಹುಟ್ಟಿಗೆ, ಸಾವಿಗೆ, ಹುತ್ತರಿಯ ಕದಿರು ಕೊಯ್ಯುವಾಗ, ಮತ್ತೆ ಕೈಲ್ ಪೊಳ್ದ್‌ನ ತೆಂಗಿನಕಾಯಿಗೆ. ಆ ದಿನ ಕೋವಿಗಳನ್ನು ದೇವರ ಕೋಣೆಯಲ್ಲಿಟ್ಟು ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತೇವೆ. ಬೇಲಿಗಳಲ್ಲಿ ಬೆಂಕಿಯ ನಾಲಗೆಗಳಂತೆ ಅರಳುವ ಆ ಹೂವಿಗೆ ಕೊಡವ ಭಾಷೆಯಲ್ಲಿ ಹೆಸರೇ ಕೋವಿಹೂವು. ಪೂಜೆ ಮುಗಿದು, ಕಡಂಬುಟ್ಟು ಪಂದಿಕರಿಯ ಊಟವಾದ ಮೇಲೆ ಗದ್ದೆಗೆ ಇಳಿಯುವುದು. ಮರದ ತುದಿಗೆ ಕಟ್ಟಿದ ಕಾಯಿಗೆ ತೋಟಾಕೋವಿ. ರೈಫಲಿನ ಕಾಯನ್ನು ಮಾತ್ರ ಎತ್ತರದ ಮಣ್ಣಿನ ಬರೆಯ ಬುಡದಲ್ಲಿ ಇಡುತ್ತೇವೆ. ರೈಫಲಿನ ಗುಂಡು ಚರೆಯ ಹಾಗೆ ಸೋತು ಬೀಳುವುದಿಲ್ಲ. ಹಿಂದೆ ಮಣ್ಣು ಬೇಕು.

ಹೋದ ವರ್ಷ ಮಗಳು ಹೊಡೆದಳು. ಓದು ಮುಗಿಸಿ ಬಂದವಳು, ನನಗಿಂತ ಒಂದಡಿ ಗಿಡ್ಡ. ಹಿಡಿ ಉದ್ದವಾಗಿ ತೋಳನ್ನು ಪೂರ್ತಿ ಚಾಚಿ, ಕುತ್ತಿಗೆ ಮುಂದೆ ಮಾಡಿ, ಹಿಂದಕ್ಕೆ ವಾಲಿಕೊಂಡು ನಿಂತಿದ್ದಳು. ಕಾಯಿಯ ಎಡಕ್ಕೆ ಮಣ್ಣು ಹಾರಿತು. ಎರಡನೆಯದೂ ಎಡಕ್ಕೆ. "ಅಪ್ಪ, ನನಗೆ ಇದು ಎಟುಕುತ್ತಿಲ್ಲ" ಎಂದು ಕೋವಿಯನ್ನು ನನ್ನ ಕೈಗಿಟ್ಟಳು. ತಪ್ಪು ಅವಳ ಗುರಿಯದ್ದಲ್ಲ.

ಅಟ್ಟದಲ್ಲಿ ಅಜ್ಜಿಯ ಮುರಿದ ಮಂಚದ ಬೀಟೆಯ ಕಾಲೊಂದು ಇತ್ತು. ಬೇಸಿಗೆಯಲ್ಲಿ ಆಚಾರಿಗೆ ಕೊಟ್ಟೆ. ಮಗಳ ಮೊಣಕೈ ಮಡಚಿಸಿ, ಮಡಿಕೆಯಿಂದ ಬೆರಳಿನ ತನಕ ದಾರದಲ್ಲಿ ಅಳತೆ ತೆಗೆದುಕೊಂಡ. ದೊಡ್ಡಪ್ಪನ ಹಿಡಿಗಿಂತ ಒಂದೂಕಾಲು ಅಂಗುಲ ಕಡಿಮೆ. ಮೊನ್ನೆ ಕೆತ್ತಿ ತಂದುಕೊಟ್ಟಿದ್ದಾನೆ, ಇನ್ನೂ ಎಣ್ಣೆ ಕಾಣದ ಕಪ್ಪುಗೆಂಪು ಮರ, ಹೊಸ ಉಜ್ಜುಕಾಗದದ ವಾಸನೆ. ಹಿಡಿಯ ಅಡಿಯಲ್ಲಿ, ಕಂಡೂ ಕಾಣದಂತೆ, ಉಳಿಯಿಂದ ಒಂದು ಸಣ್ಣ 'ಎಸ್' ಕೊರೆಸಿದ್ದೇನೆ.

ಇವತ್ತು ಹೊಳವಾಗಿದೆ. ಮಗಳು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಉದ್ದನೆಯ ಸ್ಕ್ರೂಡ್ರೈವರನ್ನು ಹಿಡಿಯ ತೂತಿಗೆ ಇಳಿಸಲು ಹೊರಟಿದ್ದಳು. ಅವಳ ಕೈ ಹಿಡಿದು ನಿಲ್ಲಿಸಿ, ಬೆರಳನ್ನು ತೆಗೆದುಕೊಂಡು ಹೋಗಿ ಮುಂದಿನ ಮರದ ಆ ಹಳೆಯ ಸೀಳಿನ ಮೇಲೆ ಇಟ್ಟೆ.